20 ಸೆಕೆಂಡಿಗೆ ರಾಡಾರ್ ಆಫ್: ಸರ್ಬಿಯಾದ ಕ್ಷಿಪಣಿ ತುಕಡಿ ಉಳಿದುಕೊಂಡಿದ್ದು ಹೀಗೆ

1999ರ ಮಾರ್ಚ್ 27ರ ರಾತ್ರಿ ಬೆಲ್‌ಗ್ರೇಡ್‌ನ ಪಶ್ಚಿಮಕ್ಕಿರುವ ಬುಜಾನೊವ್ತ್ಸಿ ಹಳ್ಳಿಯ ಹೊಲದಲ್ಲಿ ಅಮೆರಿಕದ ಎಫ್-117 ಬಂದು ಬಿತ್ತು. ರಾಡಾರ್ ಕಣ್ಣಿಗೇ ಬೀಳುವುದಿಲ್ಲ ಎಂದು ಹೆಸರಾಗಿದ್ದ ಸ್ಟೆಲ್ತ್ ವಿಮಾನ ಅದು. ಯುದ್ಧದಲ್ಲಿ ಅಂಥದ್ದೊಂದು ಉರುಳಿದ್ದು ಅದೇ ಮೊದಲು. ಹೊಡೆದಿದ್ದು, ಸರ್ಬಿಯಾ ಆಗ ಸೇರಿದ್ದ ಯುಗೊಸ್ಲಾವಿಯಾದ 250ನೇ ವಾಯುರಕ್ಷಣಾ ಕ್ಷಿಪಣಿ ಬ್ರಿಗೇಡ್‌ನ ಮೂರನೇ ತುಕಡಿ. ಅವರ ಕೈಯಲ್ಲಿದ್ದದ್ದು 1960ರ ದಶಕದ ಸೋವಿಯತ್ ವಿನ್ಯಾಸದ ಎಸ್-125 ನೇವಾ ಎಂಬ ವಿಮಾನ ಹೊಡೆಯುವ ಕ್ಷಿಪಣಿ ವ್ಯವಸ್ಥೆ. ನಮ್ಮ ವಾಯುಪಡೆ ದಶಕಗಳಿಂದ ಬಳಸಿಕೊಂಡು ಬಂದ ಪೆಚೋರಾ ಕೂಡ ಇದೇ ಕುಟುಂಬದ್ದು.

ಅದೃಷ್ಟ ಚೆನ್ನಾಗಿತ್ತು ಅಂತ ಸುಮ್ನೆ ಹೇಳಿಬಿಡುವವರು ಜಾಸ್ತಿ. ಅದೃಷ್ಟಕ್ಕಿಂತ ತಾಲೀಮಿನ ಪಾಲೇ ದೊಡ್ಡದು ಅನ್ನಿಸುತ್ತದೆ ನನಗೆ. ಇದರ ಬೇರು 1991ರ ಕೊಲ್ಲಿ ಯುದ್ಧದಲ್ಲಿದೆ. ರಾಡಾರ್ ಚಾಲೂ ಆದರೆ ಅದರ ತರಂಗದ ಜಾಡು ಹಿಡಿದೇ ಅಮೆರಿಕದ ಹಾರ್ಮ್ ಕ್ಷಿಪಣಿ ಬಂದು ಬಡಿಯುತ್ತದೆ. ಇರಾಕಿನ ವಾಯುರಕ್ಷಣೆ ಕುಸಿಯಲು ಅದೂ ಒಂದು ಮುಖ್ಯ ಕಾರಣ. ಸರ್ಬಿಯಾದ ಅಧಿಕಾರಿಗಳು ಇದನ್ನು ಗಮನವಿಟ್ಟು ನೋಡಿದ್ದರು.

ಆಗ ಸರ್ಬಿಯಾದ ಪ್ರಾಂತ್ಯವಾಗಿದ್ದ ಕೊಸೊವೊ ವಿಚಾರದಲ್ಲಿ ಮಾತುಕತೆ ಮುರಿದು, 1999ರ ಮಾರ್ಚ್ 24ರಂದು ಅಮೆರಿಕ ಮತ್ತು ಮಿತ್ರದೇಶಗಳ ಸೇನಾ ಕೂಟ ನೇಟೋದ ಬಾಂಬ್ ದಾಳಿ ಶುರುವಾಯಿತು. ಮೂರನೇ ತುಕಡಿಯ ಕಮಾಂಡರ್ ಜೋಲ್ಟಾನ್ ದಾನಿ ಕಟ್ಟುನಿಟ್ಟಿನ ನಿಯಮ ಮಾಡಿದ್ದರು. ಗುರಿ ಹಿಡಿಯುವ ರಾಡಾರ್ ಒಮ್ಮೆಗೆ 20 ಸೆಕೆಂಡು ಮೀರಿ ಉರಿಯಬಾರದು. ಆಮೇಲೆ ಎಲ್ಲ ಬಿಚ್ಚಿ, ಲಾರಿಗೆ ಹೇರಿ, ಜಾಗ ಖಾಲಿ ಮಾಡಬೇಕು. ಶತ್ರುವನ್ನು ಯಾಮಾರಿಸಲು ಹಳೇ ಮಿಗ್-21 ವಿಮಾನಗಳ ರಾಡಾರ್‌ಗಳನ್ನು ಬೇರೆ ಕಡೆ ಇಟ್ಟಿದ್ದರು.

ಮಾರ್ಚ್ 27ರ ಆ ರಾತ್ರಿ ಮೊದಲು ಸುಳಿವು ಕೊಟ್ಟಿದ್ದು ಪಿ-18 ಎಂಬ ಹಳೇ ರಾಡಾರ್. ಸ್ಟೆಲ್ತ್ ವಿಮಾನದ ಆಕಾರ ಚಿಕ್ಕ ತರಂಗಗಳನ್ನು ತಪ್ಪಿಸಿಕೊಳ್ಳಲು ಮಾಡಿದ್ದು. ಪಿ-18ರದು ಮೀಟರ್ ಉದ್ದದ ತರಂಗ. ಅದರ ಮುಂದೆ ಆ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಆದರೆ ಗುರಿ ಇಡುವಷ್ಟು ನಿಖರತೆ ಅದಕ್ಕಿಲ್ಲ. ಹಾಗಾಗಿ ಇಕ್ಕಟ್ಟಾದ ಕ್ಯಾಬಿನ್ನಿನೊಳಗೆ ಆಪರೇಟರ್‌ಗಳು ಪರದೆ ಮೇಲೆ ಕಣ್ಣು ನೆಟ್ಟು, ಕೈಯಲ್ಲೇ ಚಕ್ರ ತಿರುಗಿಸುತ್ತ ಗುರಿ ಹುಡುಕಿದರು. ಎರಡು ಸಲ ಸಿಗಲಿಲ್ಲ. ಸಾಮಾನ್ಯವಾಗಿ ಅಷ್ಟಕ್ಕೇ ಗಂಟುಮೂಟೆ ಕಟ್ಟಬೇಕಿತ್ತು. ಹವಾಮಾನ ಕೆಟ್ಟಿದ್ದರಿಂದ ರಾಡಾರ್ ಬೇಟೆಯ ವಿಮಾನಗಳು ಅಂದು ಹಾರಿರಲಿಲ್ಲ. ಅದರ ಸುಳಿವಿದ್ದ ದಾನಿ ಮೂರನೇ ಸಲಕ್ಕೆ ಒಪ್ಪಿದರು. ಗುರಿ ಸಿಕ್ಕಿತು. ಸುಮಾರು 13 ಕಿಲೋಮೀಟರ್ ದೂರದಿಂದ ಎರಡು ಕ್ಷಿಪಣಿ ಹಾರಿದವು.

ಅಮೆರಿಕದ ಕಡೆಯೂ ಎಡವಟ್ಟಾಗಿತ್ತು. ವಿಮಾನಗಳು ರಾತ್ರಿಯಿಂದ ರಾತ್ರಿಗೆ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬರುತ್ತಿದ್ದವು. ಪೈಲಟ್ ಡೇಲ್ ಝೆಲ್ಕೋ ಪ್ಯಾರಾಚೂಟ್‌ನಲ್ಲಿ ಇಳಿದು ಅಡಗಿಕೊಂಡರು, ಕೆಲವೇ ಗಂಟೆಗಳಲ್ಲಿ ಅವರನ್ನು ಹೆಲಿಕಾಪ್ಟರ್‌ನಲ್ಲಿ ಕರೆದೊಯ್ದರು. ಮೇ 2ರಂದು ಇದೇ ತುಕಡಿ ಒಂದು ಎಫ್-16 ಕೂಡ ಉರುಳಿಸಿತು. ಅದರ ಪೈಲಟ್ ಡೇವಿಡ್ ಗೋಲ್ಡ್‌ಫೀನ್ ಮುಂದೆ ಅಮೆರಿಕದ ವಾಯುಪಡೆಯ ಮುಖ್ಯಸ್ಥರಾದರು.

ಇಷ್ಟಾದರೂ ಯುದ್ಧದ ದಿಕ್ಕು ಬದಲಾಗಲಿಲ್ಲ ಅನ್ನುವುದನ್ನು ಮರೆಯಬಾರದು. ದಾಳಿ 78 ದಿನ ನಡೆಯಿತು, ನೂರಾರು ನಾಗರಿಕರು ಸತ್ತರು. ಅದೇ ಬ್ರಿಗೇಡ್‌ನ ಬೇರೆ ತುಕಡಿಗಳು ಸೈನಿಕರನ್ನೂ ರಾಡಾರ್‌ಗಳನ್ನೂ ಕಳೆದುಕೊಂಡವು. ದಾನಿಯವರ ಪ್ರಕಾರ, ಮೂರನೇ ತುಕಡಿಯಲ್ಲಿ ಮಾತ್ರ ಒಬ್ಬರೂ ಸಾಯಲಿಲ್ಲ.