ಪಿಡಿಎಫ್‌ನ ನೆತ್ತಿಯ ಮೇಲಿದ್ದ ಒಂದು ಸಾಲು

2021ರ ಮೇ ತಿಂಗಳಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಪಿಡಿಎಫ್ ಬಂತು. ಕಳಿಸಿದ್ದು ಚಿಕ್ಕಪ್ಪ. ಐವರ್‌ಮೆಕ್ಟಿನ್ ಮಾತ್ರೆಯಿಂದ ಕೋವಿಡ್ ಸಾವು ಶೇಕಡ 90ಕ್ಕಿಂತ ಜಾಸ್ತಿ ತಗ್ಗುತ್ತದೆ ಎಂದು ಅದರಲ್ಲಿತ್ತು. ಈಜಿಪ್ಟಿನ ವೈದ್ಯರು ಬರೆದ ಪ್ರಬಂಧ. ಕೋಷ್ಟಕ, ಅಂಕಿಅಂಶ ಎಲ್ಲ ಸರಿಯಾಗಿಯೇ ಕಂಡವು. ಸಂಜೆಯೊಳಗೆ ಇಬ್ಬರು ಮಾತ್ರೆ ತಂದಿಟ್ಟುಕೊಂಡರು. ನಾನೂ ಬೇಡ ಎನ್ನಲಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ, ಆಕ್ಸಿಜನ್ ಸಿಗದ ದಿನಗಳವು. ಏನಾದರೂ ಒಂದು ಕೈಯಲ್ಲಿದ್ದರೆ ಸಾಕಿತ್ತು.

ಆ ಪಿಡಿಎಫ್‌ನ ಮೊದಲ ಪುಟದಲ್ಲಿ ಸಣ್ಣ ಅಕ್ಷರದ ಒಂದು ಇಂಗ್ಲಿಷ್ ಸಾಲಿತ್ತು. ಇದು ಪ್ರಿಪ್ರಿಂಟ್, ಯಾವ ಜರ್ನಲ್ಲಿನ ತಜ್ಞರೂ ಇದನ್ನು ಪರಿಶೀಲಿಸಿಲ್ಲ ಎಂದು. ನಮ್ಮಲ್ಲಿ ಯಾರೂ ಅದನ್ನು ಓದಲಿಲ್ಲ. ಎರಡು ತಿಂಗಳಾದ ಮೇಲೆ, ಜುಲೈಯಲ್ಲಿ, ಆ ಪ್ರಬಂಧವನ್ನು ವೆಬ್‌ಸೈಟಿನಿಂದ ಹಿಂತೆಗೆದರು. ಅಧ್ಯಯನ ಶುರುವಾಗುವ ಮೊದಲೇ ತೀರಿಹೋಗಿದ್ದವರು ಅದರ ಲೆಕ್ಕದಲ್ಲಿದ್ದರು. ಒಬ್ಬ ರೋಗಿಯ ವಿವರವೇ ನಕಲಾಗಿ ಹಲವು ರೋಗಿಗಳಾಗಿತ್ತು. ಇದನ್ನು ಹಿಡಿದದ್ದು ಲಂಡನ್ನಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿ.

ಆಮೇಲೆ ನನಗೆ ಆ ಒಂದು ಸಾಲು ತಲೆಯಲ್ಲಿ ಕೂತುಬಿಟ್ಟಿತು. ಯಾರೂ ನೋಡದ ಪ್ರಬಂಧವನ್ನು ಲೋಕಕ್ಕೆಲ್ಲ ತೆರೆದಿಡುವ ಪದ್ಧತಿ ಬಂದದ್ದು ಎಲ್ಲಿಂದ? ಅದರ ಹಿಂದೆ ಹೋದರೆ ಸಿಗುವುದು ವೈದ್ಯರಲ್ಲ, ಭೌತವಿಜ್ಞಾನಿಗಳು.

ಸಾಮಾನ್ಯ ದಾರಿ ಹೀಗಿರುತ್ತದೆ. ಸಂಶೋಧಕರು ಪ್ರಬಂಧ ಬರೆದು ಜರ್ನಲ್‌ಗೆ ಕಳಿಸುತ್ತಾರೆ. ಸಂಪಾದಕರು ಅದೇ ವಿಷಯ ಬಲ್ಲ ಇಬ್ಬರಿಗೋ ಮೂವರಿಗೋ ಕೊಡುತ್ತಾರೆ. ಇವರೇ ರೆಫರಿಗಳು. ಅವರು ಪ್ರಶ್ನೆ ಕೇಳುತ್ತಾರೆ, ತಿದ್ದಿಸುತ್ತಾರೆ, ಎಷ್ಟೋ ಸಲ ಬೇಡವೇ ಬೇಡ ಎನ್ನುತ್ತಾರೆ. ತಿಂಗಳುಗಳು ಹಿಡಿಯುತ್ತವೆ. ಗಣಿತದಲ್ಲಿ ವರ್ಷಗಳೂ ಆಗುವುದುಂಟು. ಈ ಪದ್ಧತಿ ಅನಾದಿಕಾಲದ್ದೇನೂ ಅಲ್ಲ. ಹೆಸರಾಂತ ನೇಚರ್ ಪತ್ರಿಕೆ ಹೊರಗಿನ ರೆಫರಿಗಳ ಅಭಿಪ್ರಾಯವನ್ನು ಕಡ್ಡಾಯ ಮಾಡಿದ್ದೇ 1973ರಲ್ಲಿ.

ಕಂಡುಹಿಡಿದವರಿಗೆ ಕಾಯುವ ತಾಳ್ಮೆ ಮೊದಲಿಂದಲೂ ಕಡಿಮೆ. ಸಿ.ವಿ. ರಾಮನ್ ಅವರನ್ನೇ ನೋಡಿ. ಕಲ್ಕತ್ತೆಯಲ್ಲಿ 1928ರ ಫೆಬ್ರವರಿ 28ರಂದು ಹೊಸ ಬೆಳಕಿನ ಪರಿಣಾಮ ಕಂಡರು. ಮಾರ್ಚ್ 16ಕ್ಕೆ ಬೆಂಗಳೂರಿಗೆ ಬಂದು ಅದರ ಬಗ್ಗೆ ಭಾಷಣ ಮಾಡಿದರು. ಭಾಷಣ ಅದೇ ತಿಂಗಳ ಕೊನೆಯಲ್ಲಿ ತಮ್ಮದೇ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಪ್ರತಿಗಳು ಅಂಚೆಯಲ್ಲಿ ದೇಶವಿದೇಶದ ವಿಜ್ಞಾನಿಗಳಿಗೆ ಹೋದವು. ಇದನ್ನು ಪ್ರಿಪ್ರಿಂಟ್ ಎನ್ನಲಾಗದು, ಅಚ್ಚಾದದ್ದೇ. ಆದರೂ ಬೇರೆಯವರು ಕಾಣುವ ಮೊದಲು ನನ್ನ ಮಾತು ಅವರ ಮೇಜಿನ ಮೇಲಿರಬೇಕು ಎಂಬ ಆತುರ ಅದೇ ಜಾತಿಯದು.

ಎರಡನೇ ಮಹಾಯುದ್ಧದ ನಂತರ ಕಣ ಭೌತವಿಜ್ಞಾನ ಬಹಳ ವೇಗವಾಗಿ ಬೆಳೆಯಿತು. ಜರ್ನಲ್ ಕೈಸೇರುವ ಹೊತ್ತಿಗೆ ವಿಷಯ ಹಳತಾಗಿರುತ್ತಿತ್ತು. ಹಾಗಾಗಿ ಹಸ್ತಪ್ರತಿಯನ್ನು ಜರ್ನಲ್‌ಗೆ ಕಳಿಸುವಾಗಲೇ ಪ್ರತಿ ತೆಗೆದು ಗೆಳೆಯರಿಗೂ ಅಂಚೆಗೆ ಹಾಕುವ ರೂಢಿ ಬಂತು. ಅಮೆರಿಕದ ಸ್ಟ್ಯಾನ್‌ಫರ್ಡ್ ಬಳಿಯ ಸ್ಲಾಕ್ ಪ್ರಯೋಗಾಲಯದ ಗ್ರಂಥಪಾಲಕರು 1969ರಿಂದ ಪ್ರತಿ ವಾರ ಇಂಥ ಪ್ರಿಪ್ರಿಂಟುಗಳ ಪಟ್ಟಿ ಹೊರಡಿಸಿದರು. ಗ್ರಂಥಪಾಲಕರ ಈ ಕೆಲಸಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ ಎಂದೇ ನನಗನಿಸುತ್ತದೆ.

ಆದರೆ ಆ ಕಾಗದದ ಲೋಕದಲ್ಲಿ ಒಂದು ದೊಡ್ಡ ಅನ್ಯಾಯವಿತ್ತು. ಪ್ರತಿ ಹೋಗುತ್ತಿದ್ದುದು ವಿಳಾಸಪಟ್ಟಿಯಲ್ಲಿ ಇದ್ದವರಿಗೆ ಮಾತ್ರ. ಹಾರ್ವರ್ಡ್, ಪ್ರಿನ್ಸ್‌ಟನ್‌ನಲ್ಲಿ ಕೂತವರಿಗೆ ಮೊದಲು. ಬೇರೆ ಖಂಡದ ಸಣ್ಣ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ತಿಂಗಳುಗಳ ನಂತರ, ಇಲ್ಲವೇ ಬರುತ್ತಲೇ ಇರಲಿಲ್ಲ. ಬುದ್ಧಿ ಇದ್ದರೂ ಸುದ್ದಿ ಇರಲಿಲ್ಲ.

ಇದನ್ನು ಒಡೆದದ್ದು ಎರಡು ಸಾಧನಗಳು. ಒಂದು ಇಮೇಲ್. ಇನ್ನೊಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ರೂಪಿಸಿದ ಟೆಕ್ ಎಂಬ ತಂತ್ರಾಂಶ. ಟೆಕ್‌ನಲ್ಲಿ ಎಂಥ ಕಷ್ಟದ ಸಮೀಕರಣವನ್ನೂ ಸಾದಾ ಅಕ್ಷರಗಳಲ್ಲಿ ಟೈಪ್ ಮಾಡಬಹುದು. ಸಾದಾ ಅಕ್ಷರ ಎಂದ ಮೇಲೆ ಇಮೇಲಿನಲ್ಲಿ ಕಳಿಸಬಹುದು, ಅಲ್ವಾ? ಪ್ರಿನ್ಸ್‌ಟನ್‌ನಲ್ಲಿದ್ದ ಭೌತವಿಜ್ಞಾನಿ ಜೊಆನ್ ಕೋನ್ 1989ರ ಹೊತ್ತಿಗೆ ಸ್ಟ್ರಿಂಗ್ ಸಿದ್ಧಾಂತದ ಪ್ರಬಂಧಗಳನ್ನು ಹೀಗೆ ಗೆಳೆಯರಿಗೆ ಕಳಿಸತೊಡಗಿದರು. ಪಟ್ಟಿ ಬೆಳೆಯಿತು. ಎಲ್ಲವನ್ನೂ ಅವರೇ ಕೈಯಾರೆ ಕಳಿಸುತ್ತಿದ್ದರು. 1991ರ ಬೇಸಿಗೆಯಲ್ಲಿ ಕೊಲರಾಡೊದ ಆಸ್ಪೆನ್‌ನಲ್ಲಿ ಭೌತವಿಜ್ಞಾನಿಗಳು ಸೇರಿದ್ದಾಗ ಒಬ್ಬರು ತಮ್ಮ ಚಿಂತೆ ಹೇಳಿಕೊಂಡರು. ಊರೂರು ಸುತ್ತುವಾಗ ಈ ಪ್ರಬಂಧಗಳೆಲ್ಲ ಬಂದು ತಮಗೆ ಕೊಟ್ಟ ಡಿಸ್ಕ್ ಜಾಗ ತುಂಬಿಹೋದರೆ ಏನು ಗತಿ ಎಂದು. ಅದನ್ನು ಕೇಳಿಸಿಕೊಂಡ ಇನ್ನೊಬ್ಬ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್‌ಗೆ ಉಪಾಯ ಹೊಳೆಯಿತು. ಎಲ್ಲರಿಗೂ ಪ್ರಬಂಧ ಕಳಿಸುವುದೇಕೆ? ಒಂದು ಕಡೆ ಇಟ್ಟು, ಬೇಕಾದವರು ಕೇಳಿದಾಗ ಯಂತ್ರವೇ ಕಳಿಸಿದರಾಯಿತು.

ಗಿನ್ಸ್‌ಪಾರ್ಗ್ ಆಗ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿದ್ದರು. 1991ರ ಆಗಸ್ಟ್ 14ರಂದು, ತಮ್ಮ ಕಚೇರಿಯಲ್ಲಿದ್ದ ಒಂದು ನೆಕ್ಸ್ಟ್ ಕಂಪ್ಯೂಟರಿನಲ್ಲಿ ಶುರು ಮಾಡಿದರು. ವರ್ಷಕ್ಕೆ ನೂರು ಪ್ರಬಂಧ ಬಂದಾವು ಎಂದುಕೊಂಡಿದ್ದರು. ಮೊದಲ ಆರು ತಿಂಗಳಲ್ಲೇ ಸುಮಾರು 400 ಬಂದವು. ಅದೇ ಇಂದಿನ ಆರ್ಕೈವ್ (arXiv) ಎಂಬ ತಾಣ. 2001ರಲ್ಲಿ ಗಿನ್ಸ್‌ಪಾರ್ಗ್ ಜೊತೆಗೇ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಯಿತು. 2022ರ ಹೊತ್ತಿಗೆ ಅದರಲ್ಲಿದ್ದ ಪ್ರಬಂಧಗಳು 20 ಲಕ್ಷ ದಾಟಿದವು. ಓದಲು ಕಾಸು ಬೇಡ. ಪ್ರಿನ್ಸ್‌ಟನ್‌ನಲ್ಲಿ ಕಾಣುವ ಹೊತ್ತಿಗೇ ಧಾರವಾಡದಲ್ಲೂ ಕಾಣುತ್ತದೆ. ಇದು ಎಷ್ಟು ದೊಡ್ಡ ಮಾತು ಎಂಬುದು ಲೈಬ್ರರಿಯಲ್ಲಿ ಜರ್ನಲ್ ಸಿಗದೆ ಒದ್ದಾಡಿದವರಿಗೆ ಗೊತ್ತು.

ಗಣಿತಜ್ಞರು 1992ರಿಂದಲೇ ಒಬ್ಬೊಬ್ಬರಾಗಿ ಬಂದರು. ಗಣಿತದಲ್ಲಿ ಇದು ಸಹಜವಾಗಿ ಕೂತಿತು. ಅಲ್ಲಿ ಪ್ರಬಂಧವೆಂದರೆ ಹೇಳಿದ್ದು ಯಾಕೆ ಸರಿ ಎಂದು ತೋರಿಸುವ ಪೂರ್ತಿ ಹೆಜ್ಜೆಗಳು. ಪ್ರಯೋಗಾಲಯ ಬೇಡ, ರೋಗಿಗಳ ಫೈಲು ಬೇಡ. ಬಲ್ಲವರು ಪೆನ್ನು ಹಿಡಿದು ಕೂತರೆ ಸರಿಯೋ ತಪ್ಪೋ ಹೇಳಬಹುದು. ರಷ್ಯದ ಗಣಿತಜ್ಞ ಗ್ರಿಗೊರಿ ಪೆರೆಲ್ಮನ್ 2002ರ ನವೆಂಬರಿನಿಂದ 2003ರ ಜುಲೈವರೆಗೆ ಮೂರು ಪ್ರಬಂಧಗಳನ್ನು ಆರ್ಕೈವ್‌ಗೆ ಹಾಕಿದರು. 1904ರಿಂದ ಬಿಡಿಸಲಾಗದ ಪಾಂಕರೆ ಊಹೆ ಎಂಬ ಗಣಿತದ ಒಗಟು ಅಲ್ಲಿ ಬಿಡಿಸಿಕೊಂಡಿತ್ತು. ಅವನ್ನು ಅವರು ಯಾವ ಜರ್ನಲ್‌ಗೂ ಕಳಿಸಲೇ ಇಲ್ಲ. ಮೂರು ಗುಂಪುಗಳು ವರ್ಷಗಟ್ಟಲೆ ಕೂತು ಸಾಲುಸಾಲಾಗಿ ಪರೀಕ್ಷಿಸಿ ಸರಿ ಎಂದವು. 2006ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ, 2010ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ, ಎರಡನ್ನೂ ಪೆರೆಲ್ಮನ್ ಬೇಡವೆಂದರು.

ನಮ್ಮ ದೇಶದ ಕತೆಯೂ ಅದೇ ವರ್ಷದ್ದು. 2002ರ ಆಗಸ್ಟಿನಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ತಮ್ಮ ವಿದ್ಯಾರ್ಥಿಗಳಾದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಜೊತೆ, ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಬೇಗ ಮತ್ತು ಖಚಿತವಾಗಿ ಹೇಳುವ ವಿಧಾನ ಕಂಡುಹಿಡಿದರು. ತಜ್ಞರಿಗೆ ಇಮೇಲ್ ಮಾಡಿ ವೆಬ್‌ಸೈಟಿಗೆ ಹಾಕಿದರು. ಕೆಲವೇ ದಿನಗಳಲ್ಲಿ ಲೋಕವೆಲ್ಲ ಸರಿ ಎಂದಿತು. ಜರ್ನಲ್ಲಿನಲ್ಲಿ ಅಚ್ಚಾದದ್ದು 2004ರಲ್ಲಿ. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು.

ತಪ್ಪಾದಾಗ? 2011ರ ಸೆಪ್ಟೆಂಬರಿನಲ್ಲಿ ಒಪೆರಾ ಎಂಬ ಭೌತವಿಜ್ಞಾನಿಗಳ ತಂಡ ಆರ್ಕೈವ್‌ಗೆ ಒಂದು ಪ್ರಬಂಧ ಹಾಕಿತು. ಜಿನೀವಾದಿಂದ ಇಟಲಿಗೆ 730 ಕಿಲೋಮೀಟರ್ ಸಾಗಿದ ನ್ಯೂಟ್ರಿನೊ ಎಂಬ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮೊದಲೇ ಬಂದಂತೆ ಕಂಡಿತ್ತು. ತಪ್ಪೆಲ್ಲಿದೆ ಹುಡುಕಿಕೊಡಿ ಎಂದು ಅವರೇ ಕೇಳಿದ್ದರು. ಕೆಲವು ತಿಂಗಳ ನಂತರ ಸಿಕ್ಕಿತು. ಒಂದು ಕೇಬಲ್ ಸರಿಯಾಗಿ ಕೂತಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೂ 2018ರ ಜುಲೈಯಲ್ಲಿ ಅತಿವಾಹಕತೆಯ, ಅಂದರೆ ವಿದ್ಯುತ್ತು ಯಾವ ಅಡ್ಡಿಯೂ ಇಲ್ಲದೆ ಹರಿಯುವ ಗುಣದ, ದೊಡ್ಡ ಹೇಳಿಕೆಯೊಂದು ಆರ್ಕೈವ್‌ಗೆ ಬಂದಿತ್ತು. ಮುಂದಿನ ತಿಂಗಳೇ ಅಮೆರಿಕದ ಯುವ ಸಂಶೋಧಕರೊಬ್ಬರು ಅದರ ನಕ್ಷೆಯ ಎರಡು ಗೆರೆಗಳಲ್ಲಿ ಏರಿಳಿತ ಒಂದೇ ಥರ ಇದೆಯಲ್ಲ ಎಂದು ತೋರಿಸಿದರು. ಬೆಂಗಳೂರಿನ ತಂಡ 2019ರಲ್ಲಿ ಇನ್ನಷ್ಟು ಮಾಹಿತಿ ಸೇರಿಸಿ ಹೊಸ ಆವೃತ್ತಿ ಹಾಕಿತು. ಎರಡೂ ಕಡೆ ಚರ್ಚೆ ಜೋರಾಗಿ ನಡೆಯಿತು. ಯಾರೂ ಮಾತ್ರೆ ನುಂಗಲಿಲ್ಲ. ಯಾರ ಜೀವಕ್ಕೂ ಕುತ್ತು ಬರಲಿಲ್ಲ.

ಔಷಧಿಯ ವಿಷಯದಲ್ಲಿ ತಪ್ಪಾದರೆ ಜೀವಕ್ಕೇ ಕುತ್ತು. ವೈದ್ಯಕೀಯದವರು ಹಿಂಜರಿದದ್ದು ಇದೇ ಕಾರಣಕ್ಕೆ. ಹಾಗಂತ ಅವರು ಪ್ರಯತ್ನವನ್ನೇ ಮಾಡಲಿಲ್ಲ ಎಂದಲ್ಲ. ಆರ್ಕೈವ್‌ಗಿಂತ ಮೂವತ್ತು ವರ್ಷ ಮೊದಲೇ, 1961ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಜೀವವಿಜ್ಞಾನಿಗಳ ನಡುವೆ ಪ್ರಿಪ್ರಿಂಟ್ ಹಂಚುವ ಗುಂಪುಗಳನ್ನು ಕಟ್ಟಿತ್ತು. ಸಾವಿರಾರು ಜನ ಸೇರಿದರು. ಜರ್ನಲ್ ಸಂಪಾದಕರಿಗೆ ದಿಗಿಲಾಯಿತು. ಹೀಗೆ ಹಂಚಿದ ಪ್ರಬಂಧವನ್ನು ನಾವು ಅಚ್ಚು ಮಾಡುವುದಿಲ್ಲ ಎಂದು ಹಲವರು ಕೂಡಿ ತೀರ್ಮಾನಿಸಿದರು. 1967ರಲ್ಲಿ ಬಾಗಿಲು ಮುಚ್ಚಿತು. 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಸಂಪಾದಕ ಫ್ರಾನ್ಜ್ ಇಂಗೆಲ್‌ಫಿಂಗರ್ ಅದನ್ನೇ ಲಿಖಿತ ನಿಯಮ ಮಾಡಿದರು: ಬೇರೆ ಕಡೆ ಹೊರಬಂದದ್ದು ನಮಗೆ ಬೇಡ. 1999ರಲ್ಲಿ ಅದೇ ಆರೋಗ್ಯ ಸಂಸ್ಥೆಯ ಮುಖ್ಯಸ್ಥ, ನೊಬೆಲ್ ಪಡೆದ ಹೆರಾಲ್ಡ್ ವಾರ್ಮಸ್, ಮತ್ತೊಮ್ಮೆ ಯೋಜನೆ ಮುಂದಿಟ್ಟರು. ಪ್ರಕಾಶಕರ ವಿರೋಧ ಎಷ್ಟಿತ್ತೆಂದರೆ, 2000ದಲ್ಲಿ ಪಬ್‌ಮೆಡ್ ಸೆಂಟ್ರಲ್ ಎಂಬ ತಾಣವಾಗಿ ಅದು ಹೊರಬಂದಾಗ ಪ್ರಿಪ್ರಿಂಟ್ ಭಾಗವೇ ಇರಲಿಲ್ಲ. ಬ್ರಿಟನ್ನಿನ ವೈದ್ಯಕೀಯ ಜರ್ನಲ್ ಬಿಎಂಜೆ 1999ರ ಕೊನೆಯಲ್ಲಿ ಶುರು ಮಾಡಿದ ಪ್ರಿಪ್ರಿಂಟ್ ತಾಣಕ್ಕೆ ಒಂಬತ್ತು ವರ್ಷದಲ್ಲಿ ಬಂದದ್ದು ಸುಮಾರು 60 ಪ್ರಬಂಧ.

ಇದರಲ್ಲಿ ವ್ಯಾಪಾರದ ಲೆಕ್ಕಾಚಾರವೂ ಇತ್ತು, ನಿಜವಾದ ಭಯವೂ ಇತ್ತು. ಎರಡನ್ನೂ ಒಪ್ಪಬೇಕು. ಸ್ಟ್ರಿಂಗ್ ಸಿದ್ಧಾಂತದ ಪ್ರಬಂಧ ಓದುವವರೇ ಅದನ್ನು ತೂಗಿ ನೋಡಬಲ್ಲವರು. ಔಷಧಿಯ ಪ್ರಬಂಧವನ್ನು ನಡುರಾತ್ರಿ ಮೊಬೈಲಿನಲ್ಲಿ ಹುಡುಕುವುದು ರೋಗಿಯ ಮಗಳು.

ಆದರೆ ರೆಫರಿಗಳು ನೋಡಿದ್ದೆಲ್ಲ ಭದ್ರ ಎನ್ನುವುದನ್ನೂ ನಾನು ಒಪ್ಪಲಾರೆ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಪ್ರಬಂಧ ಬಂದದ್ದು ರೆಫರಿಗಳಿರುವ ಹೆಸರಾಂತ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನಲ್ಲಿ. ಬರೀ 12 ಮಕ್ಕಳ ಮೇಲೆ ನಿಂತಿದ್ದ ಅದನ್ನು ಹಿಂತೆಗೆಯಲು 2010 ಆಯಿತು. ಮನೋವೈದ್ಯಕೀಯದಲ್ಲಿ 329ನೇ ಅಧ್ಯಯನ ಎಂದೇ ಹೆಸರಾದ ಪ್ರಬಂಧವಿದೆ. ಖಿನ್ನತೆಯಿರುವ ಹದಿಹರೆಯದವರಿಗೆ ಪರಾಕ್ಸೆಟಿನ್ ಮಾತ್ರೆ ಒಳ್ಳೆಯದು, ಅಪಾಯವಿಲ್ಲ ಎಂದು 2001ರಲ್ಲಿ ಅದು ಒಳ್ಳೆಯ ಜರ್ನಲ್ಲಿನಲ್ಲೇ ಅಚ್ಚಾಯಿತು. ಮೂಲ ದಾಖಲೆಗಳನ್ನು ಬೇರೆಯವರು ಹೊಸದಾಗಿ ಪರೀಕ್ಷಿಸಿ ಬಿಎಂಜೆಯಲ್ಲಿ ಬರೆದದ್ದು 2015ರಲ್ಲಿ. ಮಾತ್ರೆಯಿಂದ ಲಾಭವಿರಲಿಲ್ಲ. ಸಾಯುವ ಯೋಚನೆಗಳು ಹೆಚ್ಚಿದ್ದವು. ನಡುವಿನ ಹದಿನಾಲ್ಕು ವರ್ಷ ಎಷ್ಟು ಮನೆಗಳ ಮಕ್ಕಳು ಆ ಮಾತ್ರೆ ನುಂಗಿದರೋ ಎಂದು ನೆನೆದರೆ ಹೊಟ್ಟೆ ತೊಳಸುತ್ತದೆ. ಅಲ್ಲಿ ಕೊರತೆಯಾದದ್ದು ರೆಫರಿಗಳದ್ದಲ್ಲ. ಮೂಲ ದಾಖಲೆಗಳೇ ತೆರೆದಿರಲಿಲ್ಲ.

ಮನಃಶಾಸ್ತ್ರದವರು ತಮ್ಮ ಮನೆಯನ್ನು ತಾವೇ ಗುಡಿಸಲು ಹೊರಟರು. ಅಚ್ಚಾಗಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ನಿಂತವು. 2015ರಲ್ಲಿ ಹೊರಬಿದ್ದ ಈ ಫಲಿತಾಂಶ ಆ ಕ್ಷೇತ್ರವನ್ನು ಅಲುಗಾಡಿಸಿತು. ಮುಂದಿನ ವರ್ಷವೇ ಅವರ ಪ್ರಿಪ್ರಿಂಟ್ ತಾಣ ಸೈಆರ್ಕೈವ್ ಬಂತು.

ಜೀವವಿಜ್ಞಾನಕ್ಕೆ ಬಯೋಆರ್ಕೈವ್ 2013ರಲ್ಲಿ ಬಂದಿತ್ತು. ವೈದ್ಯಕೀಯಕ್ಕೆ ಮೆಡ್‌ಆರ್ಕೈವ್ ಬಂದದ್ದು 2019ರ ಜೂನ್‌ನಲ್ಲಿ. ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯ, ಯೇಲ್, ಬಿಎಂಜೆ ಮೂರೂ ಸೇರಿ ಶುರು ಮಾಡಿದವು. ಜನರ ಆರೋಗ್ಯಕ್ಕೆ ಅಪಾಯ ತರಬಹುದಾದ ಪ್ರಬಂಧಗಳನ್ನು ಮೊದಲೇ ಸೋಸುವ ವ್ಯವಸ್ಥೆ ಇಟ್ಟರು. ಇದನ್ನು ನೋಡಿ ಚಿಕಿತ್ಸೆ ಮಾಡಬೇಡಿ, ಸುದ್ದಿಯಲ್ಲಿ ಖಚಿತ ಸಂಗತಿ ಎಂಬಂತೆ ಬರೆಯಬೇಡಿ ಎಂಬ ಎಚ್ಚರಿಕೆ ಹಾಕಿದರು. ಆರು ತಿಂಗಳಿಗೆ ಕೋವಿಡ್ ಬಂತು.

ಕೆಟ್ಟದ್ದನ್ನು ಮೊದಲೇ ಹೇಳಿದ್ದೇನೆ. ಒಳ್ಳೆಯದನ್ನೂ ಹೇಳಬೇಕು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟೆರಾಯ್ಡ್ ಪರೀಕ್ಷಿಸಿದರು. 6,425 ರೋಗಿಗಳ ಹೋಲಿಕೆ. ವೆಂಟಿಲೇಟರ್‌ನಲ್ಲಿದ್ದವರಲ್ಲಿ ಸಾವು ಶೇಕಡ 41ರಿಂದ 29ಕ್ಕೆ ಇಳಿದಿತ್ತು. 2020ರ ಜೂನ್ 22ರಂದು ಪ್ರಿಪ್ರಿಂಟ್ ಮೆಡ್‌ಆರ್ಕೈವ್‌ನಲ್ಲಿತ್ತು. ಜೂನ್ 27ಕ್ಕೆ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಔಷಧಿಯನ್ನು ಚಿಕಿತ್ಸಾ ಸೂಚಿಗೆ ಸೇರಿಸಿತು. ಜರ್ನಲ್ಲಿನಲ್ಲಿ ಬಂದದ್ದು ಜುಲೈ 17ಕ್ಕೆ. ಆ ಮೂರು ವಾರದಲ್ಲಿ ಬದುಕಿದವರನ್ನು ಎಣಿಸುವವರಿಲ್ಲ, ಆದರೆ ಅವರಿದ್ದಾರೆ. ಅದೇ ಜೂನ್ 4ರಂದು ಲ್ಯಾನ್ಸೆಟ್ ತನ್ನ ರೆಫರಿಗಳು ನೋಡಿಯೇ ಅಚ್ಚಾಗಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಪ್ರಬಂಧವನ್ನು ಹಿಂತೆಗೆದಿತ್ತು. ಅದರ ಆಸ್ಪತ್ರೆ ದಾಖಲೆಗಳನ್ನು ಯಾರಿಗೂ ತೋರಿಸಲಾಗಲಿಲ್ಲ.

ಡೆಕ್ಸಾಮೆಥಾಸೋನ್ ಪ್ರಬಂಧದಲ್ಲಿ ಇನ್ನೊಂದು ಮಾತೂ ಸ್ಪಷ್ಟವಾಗಿತ್ತು. ಆಕ್ಸಿಜನ್ ಬೇಡದ ರೋಗಿಗಳಿಗೆ ಇದರಿಂದ ಲಾಭವಿಲ್ಲ, ತೊಂದರೆಯೂ ಆಗಬಹುದು. ನಮ್ಮಲ್ಲಿ ಅರ್ಧ ಮಾತು ಊರೆಲ್ಲ ಓಡಿತು, ಉಳಿದರ್ಧ ಅಲ್ಲೇ ಉಳಿಯಿತು. 2021ರಲ್ಲಿ ಮನೆಯಲ್ಲೇ ಸ್ಟೆರಾಯ್ಡ್ ತೆಗೆದುಕೊಂಡವರು ಬಹಳ. ಸಕ್ಕರೆ ಕಾಯಿಲೆಯ ಜೊತೆ ಸ್ಟೆರಾಯ್ಡ್ ಅತಿಬಳಕೆಯೂ ಕಪ್ಪು ಶಿಲೀಂಧ್ರ ಹರಡಲು ಕಾರಣವಾಯಿತು. ಇದಕ್ಕೆ ಪ್ರಿಪ್ರಿಂಟನ್ನು ದೂರುವುದು ಸರಿಯಲ್ಲ. ಬರೆದದ್ದು ಸರಿಯಾಗೇ ಇತ್ತು. ಕನ್ನಡಕ್ಕೆ ಪೂರ್ತಿ ಬರಲಿಲ್ಲ, ಅಷ್ಟೇ.

2025ರ ಮಾರ್ಚಿನಲ್ಲಿ ಬಯೋಆರ್ಕೈವ್, ಮೆಡ್‌ಆರ್ಕೈವ್ ಎರಡನ್ನೂ ನಡೆಸಲು ಓಪನ್‌ಆರ್ಕೈವ್ ಎಂಬ ಲಾಭರಹಿತ ಸಂಸ್ಥೆ ಶುರುವಾಗಿದೆ. ಅದೇ ವರ್ಷದ ಜನವರಿಯಿಂದ ಭಾರತ ಸರ್ಕಾರ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ನಡೆಸುತ್ತಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು ಸುಮಾರು 13,000 ಜರ್ನಲ್‌ಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದಿದೆ. ಒಳ್ಳೆಯದೇ. ಆದರೆ ಸರ್ಕಾರಿ ಸಂಸ್ಥೆಯ ಹೊರಗಿರುವ ವೈದ್ಯರಿಗೆ, ಹಳ್ಳಿಯ ಕ್ಲಿನಿಕ್ಕಿಗೆ, ನನ್ನಂಥ ಓದುಗರಿಗೆ ಕಾಸಿಲ್ಲದೆ ಸಿಗುವುದು ಈಗಲೂ ಹೆಚ್ಚಾಗಿ ಪ್ರಿಪ್ರಿಂಟೇ. ಅದಕ್ಕೇ ಅದು ತೆರೆದಿರಲಿ ಎನ್ನುತ್ತೇನೆ. ಅದರ ಜೊತೆ ಬರುವ ಆ ಸಾಲನ್ನು ನಮ್ಮ ಪತ್ರಿಕೆಗಳು, ಟಿವಿಯವರು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕಲಿ: ಇದನ್ನು ಬೇರೆ ತಜ್ಞರು ಇನ್ನೂ ನೋಡಿಲ್ಲ.

ಈ ಲೇಖನ ಬರೆಯುವ ಮೊದಲು ಐವರ್‌ಮೆಕ್ಟಿನ್ ಪ್ರಬಂಧದ ಮೂಲ ಪುಟಕ್ಕೆ ಹೋಗಿ ನೋಡಿದೆ. ಹಿಂತೆಗೆಯಲಾಗಿದೆ ಎಂದು ಅಲ್ಲಿ ಎದ್ದು ಕಾಣುವಂತೆ ಬರೆದಿದೆ. ನಮ್ಮ ಗುಂಪಿನಲ್ಲಿರುವ ಪಿಡಿಎಫ್ ಮಾತ್ರ 2021ರಲ್ಲಿ ಬಂದ ಹಾಗೇ ಇದೆ. ಅದರ ಕೆಳಗೆ, ಇದು ತಪ್ಪು ಎಂದು ಗೊತ್ತಾಗಿ ವಾಪಸ್ ತೆಗೆದಿದ್ದಾರೆ, ಯಾರಿಗೂ ಕಳಿಸಬೇಡಿ ಎಂದು ಬರೆದೆ. ಹತ್ತು ನಿಮಿಷಕ್ಕೆ ಚಿಕ್ಕಪ್ಪ ಫೋನ್ ಮಾಡಿದರು. "ಇದನ್ನ ಆವಾಗ್ಲೇ ಹೇಳ್ಬೇಕಿತ್ತಲ್ಲೋ" ಎಂದರು. ಅವರು ಅದನ್ನು ಇನ್ನೂ ಮೂರು ಗುಂಪಿಗೆ ಕಳಿಸಿದ್ದರಂತೆ. ನಾನು ಬರೆದದ್ದನ್ನು ಅಲ್ಲಿಗೂ ಕಳಿಸುತ್ತೇನೆ ಎಂದು ಹೇಳಿ ಫೋನ್ ಇಟ್ಟರು.