ಹಲಗೆ ಎಷ್ಟು ದಪ್ಪ? ಮೊದಲು ಜಂತಿ ಎಣಿಸಿ

ಜೂನ್ ಮೊದಲ ವಾರ ವಿಜಯಪುರದಿಂದ ನಿವೃತ್ತ ಮಾಸ್ತರೊಬ್ಬರು ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿಗಿಂತ ಬೇಜಾರು ಜಾಸ್ತಿ ಇತ್ತು. "ಸರ್, ಅಂಗಡ್ಯಾಗ ಇದ್ದಿದ್ರಾಗ ದಪ್ಪನ ಹಲಗಿನ ತಂದು ಹಾಕ್ಸೇನ್ರೀ. 25 ಎಂಎಂ. ಆದ್ರೂ ಒಂದ ಬ್ಯಾಸಗಿಗೆ ಜೋಳಿಗಿ ಆದಂಗ ಆಗೇತ್ರಿ."

ಹೋಗಿ ನೋಡಿದೆ. ಮೊದಲ ಮಹಡಿಯ ಸಿಟ್‌ಔಟ್, ಪಶ್ಚಿಮಕ್ಕೆ ಮುಖ. ಮಧ್ಯಾಹ್ನದಿಂದ ಸಂಜೆವರೆಗೆ ನೇರ ಬಿಸಿಲು. ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಕಂದು ಬಣ್ಣದ ಡಬ್ಲ್ಯೂಪಿಸಿ ಹಲಗೆ ನೋಡಲು ಚೆನ್ನಾಗಿಯೇ ಇತ್ತು. ವರ್ನಿಯರ್ ಹಿಡಿದು ಅಳೆದೆ. 25 ಅಂದರೆ 25. ಅಂಗಡಿಯವರು ಮೋಸ ಮಾಡಿರಲಿಲ್ಲ. ಆದರೆ ಬೇಸಿಗೆಯಿಡೀ ಕೂಲರ್ ನಿಂತಿದ್ದ ಮೂಲೆಯಲ್ಲಿ ಮೂರು ಹಲಗೆ ಕಣ್ಣಿಗೆ ಕಾಣುವಷ್ಟು ಬಾಗಿದ್ದವು. ಉಳಿದ ಕಡೆ ಕಾಲಿಟ್ಟರೆ ಹಲಗೆ ಕುಣಿಯುತ್ತಿತ್ತು. ಒಂದನ್ನು ಬಿಚ್ಚಿ ಒಳಗೆ ಇಣುಕಿದೆ. ಕೆಳಗಿನ ಕಬ್ಬಿಣದ ಪೈಪುಗಳ ನಡುವೆ ಭರ್ತಿ ಎರಡು ಫೂಟು ಅಂತರ. ಶೆಡ್ ಕಟ್ಟಿ ರೂಢಿಯಾದ ಕೈ. ಆ ಫ್ಯಾಬ್ರಿಕೇಟರ್‌ಗೆ ಎರಡು ಫೂಟು ಬಹಳ ಹತ್ತಿರವೇ ಅನಿಸಿರಬೇಕು.

ನಾನು ಬೆಳಗಾವಿಯಲ್ಲಿ ಕೂತು ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಲ್ಲಿ ಈ ಡೆಕ್ ಕೆಲಸ, ಅಂದರೆ ಬಾಲ್ಕನಿ, ತಾರಸಿಗೆ ಪೈಪಿನ ಮೇಲೆ ಹಲಗೆ ಹಾಸುವ ಕೆಲಸ ಮಾಡಿಸುವವನು. ಫೋನ್ ಮಾಡುವವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ. 20 ಎಂಎಂ ಸಾಕೋ, 25 ಬೇಕೋ? ನಾನು ತಿರುಗಿ ಕೇಳುವುದೂ ಒಂದೇ. ಕೆಳಗೆ ಪೈಪು ಎಷ್ಟಕ್ಕೊಂದು ಇಡ್ತೀರಿ? ಅಲ್ಲಿಗೆ ಆ ಕಡೆ ಮಾತು ನಿಲ್ಲುತ್ತದೆ.

ನಮ್ಮ ಕಡೆಯ ಹಳೆ ಮಾಳಿಗೆ ಮನೆಗಳನ್ನು ನೆನಪು ಮಾಡಿಕೊಳ್ಳಿ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ, ಮೇಲೆ ಮಣ್ಣು. ಅಷ್ಟು ಮಣ್ಣಿನ ಭಾರ ಹೊತ್ತ ಹಲಗೆ ಎಷ್ಟು ದಪ್ಪ ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ. ಬಹಳ ಕಡೆ ಒಂದು ಇಂಚೂ ಇರುವುದಿಲ್ಲ. ಜಂತಿಗಳು ಒತ್ತೊತ್ತಾಗಿ ಕೂತಿರುತ್ತವೆ, ಅದಕ್ಕೇ ನಡೆಯುತ್ತದೆ. ಮನೆಯ ಅಳತೆಯನ್ನೂ ಹಿರಿಯರು ಅಂಕಣದಲ್ಲೇ ಹೇಳುತ್ತಿದ್ದರು. ಅಂಕಣ ಅಂದರೆ ಎರಡು ತೊಲೆಗಳ ನಡುವಿನ ಜಾಗ ಅಲ್ವಾ? ಡೆಕ್ಕಿಗೂ ಲೆಕ್ಕ ಅದೇ. ಕೆಳಗಿನ ಪೈಪನ್ನು ಈಗ ಎಲ್ಲರೂ ಜಾಯಿಸ್ಟ್ ಅನ್ನುತ್ತಾರೆ. ನಾನು ಜಂತಿ ಅಂತಲೇ ಅನ್ನುತ್ತೇನೆ. ಬಡಿಗೇರರಿಗೆ ಬೇಗ ತಿಳಿಯುತ್ತದೆ.

ಈಗ ಸ್ವಲ್ಪ ಲೆಕ್ಕ. ಹಲಗೆಯ ಗಡಸುತನ, ಅಂದರೆ ಬಾಗದೆ ನಿಲ್ಲುವ ಗುಣ, ಅದರ ದಪ್ಪದ ಘನದ ಹಾಗೆ (ದಪ್ಪ × ದಪ್ಪ × ದಪ್ಪ) ಏರುತ್ತದೆ. 20 ಎಂಎಂ ಬದಲು 25 ಹಾಕಿದರೆ ದಪ್ಪ ಏರಿದ್ದು ಕಾಲು ಭಾಗ, ಗಡಸುತನ ಏರಿದ್ದು ಹತ್ತಿರ ಹತ್ತಿರ ಎರಡು ಪಟ್ಟು. ಆದ್ದರಿಂದ ದಪ್ಪ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. 23 ಮತ್ತು 25ರ ನಡುವೆಯೂ ಕಾಲು ಭಾಗಕ್ಕಿಂತ ಜಾಸ್ತಿ ವ್ಯತ್ಯಾಸ ಇದೆ. ನಮ್ಮ ಬಡಿಗೇರರ ಭಾಷೆಯಲ್ಲಿ ಎಂಟು ಸೂತ ಅಂದರೆ ಒಂದು ಇಂಚು. ಆರು ಸೂತದ ಹಲಗೆಗೂ ಎಂಟು ಸೂತದ ಹಲಗೆಗೂ ಇರುವ ಅಂತರ ಕೈಗೆ ಸಣ್ಣದು, ಕಾಲಿಗೆ ದೊಡ್ಡದು.

ಆದರೆ ಅಂತರದ ಲೆಕ್ಕವೂ ಹೀಗೇ ಘನದಲ್ಲಿ ಓಡುತ್ತದೆ. ನಡುವೆ ಒಬ್ಬ ಮನುಷ್ಯ ನಿಂತ ಅಂದುಕೊಳ್ಳಿ. ಜಂತಿಗಳ ಅಂತರ 400 ಎಂಎಂ ಇದ್ದದ್ದನ್ನು 300ಕ್ಕೆ ತಂದರೆ, ಅದೇ ಹಲಗೆ ಬಾಗುವುದು ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಅಂದರೆ 20ರಿಂದ 25ಕ್ಕೆ ಹೋದದ್ದಕ್ಕಿಂತ ಹೆಚ್ಚು ಲಾಭ. ಹನ್ನೆರಡು ಫೂಟಿನ ಬಾಲ್ಕನಿಗೆ 400ರ ಲೆಕ್ಕದಲ್ಲಿ ಹತ್ತು ಜಂತಿ ಬೇಕು, 300ರ ಲೆಕ್ಕದಲ್ಲಿ ಹದಿಮೂರು. ಬರೀ ಮೂರು ಪೈಪು! ಮಾಸ್ತರ ಮನೆಯಲ್ಲಿ ಇದ್ದದ್ದು 600. ಒಂದು ಫೂಟಿಗೆ ಹೋಲಿಸಿದರೆ ಎಂಟು ಪಟ್ಟು ಬಾಗುವಿಕೆ. ಅಲ್ಲಿ 30 ಎಂಎಂ ಹಲಗೆ ಹಾಕಿದ್ದರೂ ಸುಖ ಇರುತ್ತಿರಲಿಲ್ಲ.

ನಾನು ಇಟ್ಟುಕೊಂಡ ಲೆಕ್ಕ ಹೀಗಿದೆ. ಒಳಗೆ ಪೊಳ್ಳಿಲ್ಲದ ಗಟ್ಟಿ 25 ಎಂಎಂ ಹಲಗೆ, ಮನೆಯ ಬಳಕೆ, ನೆರಳಿನ ಜಾಗ ಇದ್ದರೆ 400 ಎಂಎಂ. ಅದಕ್ಕಿಂತ ದೂರ ಯಾವತ್ತೂ ಇಲ್ಲ. ಬಿಸಿಲಿಗೆ ಬಿದ್ದ ಜಾಗವಾದರೆ 300ರಿಂದ 350. 20 ಎಂಎಂ ಆದರೆ ಒಂದು ಫೂಟಿನ ಒಳಗೇ. ಹೋಟೆಲು, ರೆಸಾರ್ಟು ಅಂದರೆ ದಪ್ಪ ಎಷ್ಟೇ ಇರಲಿ, 300. ಹಲಗೆಯನ್ನು ಓರೆಯಾಗಿ ಹಾಕುವ ಡಿಸೈನ್ ಇದ್ದರೆ ಇನ್ನೂ ಕಡಿಮೆ ಮಾಡಬೇಕು, ಯಾಕಂದರೆ ಓರೆಯಲ್ಲಿ ಹಲಗೆ ದಾಟುವ ದೂರ ಜಾಸ್ತಿ. ಕಂಪನಿಯವರು ಕೊಟ್ಟ ಹಾಳೆಯಲ್ಲಿ ನನ್ನದಕ್ಕಿಂತ ಕಡಿಮೆ ಅಂತರ ಬರೆದಿದ್ದರೆ ಅವರ ಮಾತೇ ಕೇಳಿ. ಮೆಟ್ಟಿಲಿಗೆ ಬೇರೆ ಲೆಕ್ಕ ಇದೆ, ಅದನ್ನು ಇಲ್ಲಿ ಬಿಡುತ್ತೇನೆ. ಗಟ್ಟಿ ಹಲಗೆ ಬಿಟ್ಟು ಬೇರೆ ಬೇಡ ಅನ್ನುವುದಷ್ಟೇ ಸಾಕು.

ಗಟ್ಟಿ ಹಲಗೆ ಅಂದೆ. ಪೊಳ್ಳು ಹಲಗೆಯ ವಿಷಯಕ್ಕೆ ಬರೋಣ. ನಮ್ಮ ಮಾರುಕಟ್ಟೆಯಲ್ಲಿ 25 ಎಂಎಂ ಅಂತ ಮಾರುವ ಬಹಳಷ್ಟು ಹಲಗೆಗಳ ಒಳಗೆ ತೂತುಗಳ ಸಾಲು ಇರುತ್ತದೆ. ಹಲಗೆಯ ತುದಿ ನೋಡಿದರೆ ಗೊತ್ತಾಗುತ್ತದೆ. ಪೊಳ್ಳು ಅಂದ ಕೂಡಲೇ ಕೆಟ್ಟದ್ದು ಅಂತ ಜನ ಮೂಗು ಮುರಿಯುತ್ತಾರೆ. ಅದೂ ಸರಿಯಲ್ಲ. ಬಾಗುವುದನ್ನು ತಡೆಯುವ ಕೆಲಸ ಮಾಡುವುದು ಹಲಗೆಯ ಮೇಲಿನ ಪದರ ಮತ್ತು ಕೆಳಗಿನ ಪದರ. ನಡುವಿನ ಮಾಲು ಹೆಚ್ಚು ದುಡಿಯುವುದಿಲ್ಲ. ಮೇಲೆ ಕೆಳಗೆ 5 ಎಂಎಂ ಬಿಟ್ಟು ನಡುವೆ ತೂತು ಕೊಟ್ಟ ಹಲಗೆಯಲ್ಲಿ ನೂರಕ್ಕೆ ಸುಮಾರು ನಲವತ್ತು ಭಾಗ ತೂಕ ಕಡಿಮೆಯಾದರೂ ಗಡಸುತನ ಹೋಗುವುದು ಹದಿನೈದು ಭಾಗ ಮಾತ್ರ. ಬಿದಿರು ಪೊಳ್ಳಾದರೂ ಗಟ್ಟಿಯಾಗಿ ನಿಲ್ಲುವುದೂ ಹೀಗೇ.

ಪೊಳ್ಳು ಹಲಗೆ ಸೋಲುವುದು ಬೇರೆ ಕಡೆ. ಬಾಗಲ್ಲ, ಒಡೆಯುತ್ತದೆ. ಬಾಗಲಕೋಟೆ ನವನಗರದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಗಾಳಿ ಚೆನ್ನಾಗಿ ಬರುತ್ತದೆ ಅಂತ ಕಲ್ಲಿನ ಒರಳನ್ನು ಡೆಕ್ ಮೇಲೆ ತಂದಿಟ್ಟು ಶೇಂಗಾ ಚಟ್ನಿ ಕುಟ್ಟಿದ್ದರು. ಎರಡು ಹಲಗೆಯ ಮೇಲ್ಪದರ ತೂತಿನ ಜಾಗದಲ್ಲೇ ಒಳಗೆ ಕುಸಿದಿತ್ತು. ಅಜ್ಜಿಯದು ಏನು ತಪ್ಪು? ಹಲಗೆ ಹಾಕುವಾಗ ನಾವು ಯಾರೂ ಅವರನ್ನು ಕೇಳಿರಲಿಲ್ಲ. ಅಲ್ಲಿಂದ ನಾನು ಮನೆಯವರನ್ನೆಲ್ಲ ಕೂರಿಸಿಕೊಂಡು, ಇಲ್ಲಿ ಏನೇನು ಇಡ್ತೀರಿ ಅಂತ ಕೇಳಿಯೇ ಹಲಗೆ ಆರಿಸುತ್ತೇನೆ. ಆದ್ದರಿಂದ ಪೊಳ್ಳು ಹಲಗೆ ಕೊಳ್ಳುವಾಗ ಒಟ್ಟು ದಪ್ಪದ ಜೊತೆ ತೂತಿನ ಸುತ್ತಲಿನ ಗೋಡೆಯ ದಪ್ಪ ಕೇಳಿ. 5 ಎಂಎಂಗಿಂತ ಕಡಿಮೆ ಇದ್ದರೆ ನಾನು ಮುಟ್ಟುವುದಿಲ್ಲ. ತುದಿಗೆ ಕ್ಯಾಪ್ ಹಾಕದೆ ಬಿಟ್ಟರೆ ಮಳೆ ನೀರು ಒಳಗೆ ನಿಲ್ಲುತ್ತದೆ, ಇರುವೆಯೂ ಮನೆ ಮಾಡುತ್ತದೆ.

ಇನ್ನು ಬಿಸಿಲು. ಡಬ್ಲ್ಯೂಪಿಸಿ ಅಂದರೆ ಮರದ ಪುಡಿ ಮತ್ತು ಪ್ಲಾಸ್ಟಿಕ್, ಹೆಚ್ಚು ಕಡಿಮೆ ಅರ್ಧಕ್ಕರ್ಧ. ಸಾಗವಾನಿ ಹಲಗೆಯ ಗಡಸುತನಕ್ಕೆ ಹೋಲಿಸಿದರೆ ಇದರದ್ದು ಮೂರನೇ ಒಂದು ಭಾಗದ ಆಸುಪಾಸು. ಅದಕ್ಕೇ ಮರದ ಡೆಕ್ಕಿನ ಹಳೆ ಅಂತರವನ್ನು ಇದಕ್ಕೆ ಹಾಕಬಾರದು. ಜೊತೆಗೆ ಪ್ಲಾಸ್ಟಿಕ್ಕಿಗೆ ಒಂದು ಕೆಟ್ಟ ಗುಣ ಇದೆ. ಮನುಷ್ಯ ನಡೆದು ಹೋದರೆ ಬಾಗಿ ಮತ್ತೆ ಎದ್ದು ನಿಲ್ಲುತ್ತದೆ. ಅದೇ ಭಾರ ತಿಂಗಳುಗಟ್ಟಲೆ ಕೂತರೆ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ, ಭಾರ ತೆಗೆದ ಮೇಲೂ ಪೂರ್ತಿ ಏಳುವುದಿಲ್ಲ. ಬಿಸಿ ಇದ್ದರೆ ಇದು ಇನ್ನೂ ಬೇಗ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ. ಗಾಢ ಬಣ್ಣದ ಹಲಗೆಯ ಮೈ 60 ದಾಟುವುದು ಮಾಮೂಲಿ. ಬರಿಗಾಲಲ್ಲಿ ನಿಂತು ನೋಡಿ, ಥರ್ಮಾಮೀಟರ್ ಬೇಕಾಗಿಲ್ಲ.

ಮಾಸ್ತರ ಕೂಲರ್ 70 ಲೀಟರಿನದು. ನೀರೇ 70 ಕೆಜಿ, ಮೇಲೆ ಅದರ ಮೈಭಾರ. ಎಲ್ಲವೂ ನಾಲ್ಕು ಸಣ್ಣ ಗಾಲಿಗಳ ಮೇಲೆ. ಅವೂ ಎರಡು ಜಂತಿಗಳ ನಟ್ಟನಡುವೆ ನಿಂತಿದ್ದವು. ಮಾರ್ಚ್‌ನಿಂದ ಜೂನ್‌ವರೆಗೆ ಹಗಲೂ ರಾತ್ರಿ. ದೊಡ್ಡ ಮಣ್ಣಿನ ಕುಂಡಗಳೂ, ಕಬ್ಬಿಣದ ಸ್ಟ್ಯಾಂಡಿನ ಜೋಕಾಲಿಯೂ ಇದೇ ಜಾತಿ. ಇವನ್ನು ಎಲ್ಲಿ ಇಡ್ತೀರಿ ಅಂತ ಮೊದಲೇ ಹೇಳಿದರೆ ಅಷ್ಟು ಜಾಗಕ್ಕೆ ಕೆಳಗೆ ಒಂದು ಜಂತಿ ಹೆಚ್ಚಿಗೆ ಕೊಡಬಹುದು. ಇಡೀ ಡೆಕ್ಕಿಗೆ ದಪ್ಪ ಹಲಗೆ ಕೊಳ್ಳುವ ಖರ್ಚು ಉಳಿಯುತ್ತದೆ.

ಬಿಸಿಲಿನದು ಇನ್ನೊಂದು ಆಟ ಇದೆ, ಅದಕ್ಕೂ ದಪ್ಪಕ್ಕೂ ಸಂಬಂಧವೇ ಇಲ್ಲ. ಎಂಟು ಫೂಟಿನ ಹಲಗೆ ಚಳಿಗಾಲದ ಬೆಳಗ್ಗೆಯಿಂದ ಬೇಸಿಗೆಯ ಮಧ್ಯಾಹ್ನಕ್ಕೆ ಬರುವಷ್ಟರಲ್ಲಿ ಸುಮಾರು 4 ಎಂಎಂ ಉದ್ದ ಆಗುತ್ತದೆ. ತುದಿಗೆ ಗ್ಯಾಪ್ ಬಿಡದೆ ಗೋಡೆಗೆ ಒತ್ತಿ ಹಾಕಿದರೆ ಎಲ್ಲಿಗೆ ಹೋಗಬೇಕು ಪಾಪ? ಮೇಲಕ್ಕೆ ಏಳುತ್ತದೆ. ಆಗ ಮನೆಯವರು ಹೇಳುವುದು, ಹಲಗೆ ತೆಳ್ಳಗಾಯ್ತು, ದಪ್ಪಂದು ಹಾಕಬೇಕಿತ್ತು ಅಂತ. ದಪ್ಪ ಹಲಗೆಯೂ ಅಷ್ಟೇ ಉದ್ದ ಆಗುತ್ತದೆ, ಏಳುವಾಗ ತನ್ನನ್ನು ಜಂತಿಗೆ ಹಿಡಿದಿಟ್ಟ ಕ್ಲಿಪ್ಪನ್ನೂ ಕಿತ್ತುಕೊಂಡು ಏಳುತ್ತದೆ.

ಹಾಗಾದರೆ 20 ಎಂಎಂ ಹಲಗೆ ಯಾರಿಗೆ? ಹೊಸ್ತಿಲು ತಗ್ಗಾಗಿ ಇರುವವರಿಗೆ. ಬೆಳಗಾವಿಯ ಟಿಳಕವಾಡಿ, ಹಿಂದವಾಡಿ ಕಡೆ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಈ ತಾಪತ್ರಯ ದಿನಾ ಇರುತ್ತದೆ. ಸ್ಲೈಡಿಂಗ್ ಬಾಗಿಲಿನ ಹಳಿ ನೆಲದಿಂದ ಎರಡೇ ಇಂಚು ಮೇಲೆ. 50×25ರ ಪೈಪನ್ನು ಅಡ್ಡ ಮಲಗಿಸಿದರೂ 25, ಹಲಗೆ 25, ಅಡಿಗೆ ರಬ್ಬರ್ ಪ್ಯಾಡ್ 5. ಒಟ್ಟು 55 ಎಂಎಂ, ಅಲ್ಲಿಗೆ ಡೆಕ್ ಹೊಸ್ತಿಲಿಗಿಂತ ಮೇಲೆ ಬಂತು. ಮೊದಲ ಜೋರು ಮಳೆಗೆ ನೀರು ಹಾಲಿಗೆ ಬರುತ್ತದೆ. ಇಂಥ ಕಡೆ 20 ಎಂಎಂ ಹಾಕಿ, ಜಂತಿ ಒಂದು ಫೂಟಿಗಿಂತ ಹತ್ತಿರ ಇಟ್ಟರೆ ಧಾರಾಳ ನಡೆಯುತ್ತದೆ. ಒಂದೇ ಎಚ್ಚರ. ಹಲಗೆಯ ಪಕ್ಕದಲ್ಲಿ ಕ್ಲಿಪ್ ಕೂರುವ ಸೀಳು ಇರುತ್ತದಲ್ಲ, ತೆಳ್ಳನೆ ಹಲಗೆಯಲ್ಲಿ ಆ ಸೀಳಿನ ಮೇಲಿನ ತುಟಿ ಬಹಳ ತೆಳ್ಳಗೆ ಉಳಿದಿರುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿ. ಅಲುಗಿದರೆ ಬೇಡ.

ಬೆಳಗಾವಿ ಮಳೆಯ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ನೀರು ಹರಿಯುವ ದಿಕ್ಕಿಗೆ ಅಡ್ಡ ಜಂತಿ ಇಟ್ಟರೆ ಪ್ರತಿ ಜಂತಿಯೂ ಒಂದು ಸಣ್ಣ ಬದುವು. ಇಳಿಜಾರಿನ ಉದ್ದಕ್ಕೇ ಇಡಿ, ಅಡಿಗೆ ಪ್ಯಾಡ್ ಕೊಟ್ಟು ಎತ್ತಿ. ವಾಟರ್‌ಪ್ರೂಫಿಂಗ್ ಮಾಡಿಸಿದ ತಾರಸಿಗೆ ಡ್ರಿಲ್ ಮಾಡಿ ಪೈಪು ಕೂರಿಸುವ ಫ್ಯಾಬ್ರಿಕೇಟರ್ ಬಂದರೆ ಚಹಾ ಕುಡಿಸಿ ವಾಪಸ್ ಕಳಿಸಿ. ಫ್ರೇಮನ್ನು ತನ್ನಷ್ಟಕ್ಕೆ ಒಂದು ಚೌಕಟ್ಟಾಗಿ ಬೆಸೆದು ಮೇಲೆ ಇಡಬಹುದು, ಸ್ಲ್ಯಾಬಿಗೆ ತೂತು ಬೇಕಿಲ್ಲ.

ಅಂಗಡಿಯಲ್ಲಿ ಇನ್ನೊಂದು ಗೊಂದಲ. 8×4 ಫೂಟಿನ ಬಿಳಿ ಶೀಟಿಗೂ ಜನ ಡಬ್ಲ್ಯೂಪಿಸಿ ಅನ್ನುತ್ತಾರೆ. ಅದು ಅಡುಗೆಮನೆ ಕಪಾಟಿಗೆ ಬರುವ ಫೋಮ್ ಶೀಟು. 18 ಎಂಎಂ ಶೀಟು ಕಡಿಮೆಗೆ ಸಿಕ್ತು ಅಂತ ಕತ್ತರಿಸಿ ಡೆಕ್ ಹಾಕಿಸಿದವರನ್ನು ನೋಡಿದ್ದೇನೆ. ಒಂದೇ ವರ್ಷ.

ಕೊಳ್ಳುವ ಮೊದಲು ಮೂರು ಫೂಟಿನ ಸ್ಯಾಂಪಲ್ ತುಂಡು ಕೇಳಿ. ಕೊಡದಿದ್ದರೆ ದುಡ್ಡು ಕೊಟ್ಟು ತನ್ನಿ. ಮೊದಲು ತೂಗಿ. 140 ಎಂಎಂ ಅಗಲ, 25 ದಪ್ಪದ ಗಟ್ಟಿ ಹಲಗೆ ಮೀಟರಿಗೆ ನಾಲ್ಕೂವರೆ ಕೆಜಿ ಹತ್ತಿರ ಬರಬೇಕು. ಬಹಳ ಕಡಿಮೆ ಬಂದರೆ ಒಳಗೆ ಏನೋ ಕಡಿಮೆ ಇದೆ. ದಪ್ಪ ಅಳೆಯುವಾಗ ಮೇಲಿನ ಗೆರೆಗಳ ತುದಿಯಿಂದ ಅಳೆಯಬೇಡಿ, ಗೆರೆಯ ತಗ್ಗಿನಿಂದ ಅಳೆಯಿರಿ. ಆಳವಾಗಿ ಗೆರೆ ಕೊರೆದ ಹಲಗೆಯಲ್ಲಿ 25 ಅಂದದ್ದು 23 ಆಗಿರುತ್ತದೆ. ಆಮೇಲೆ ಎರಡು ಇಟ್ಟಿಗೆಯ ಮೇಲೆ, ನೀವು ಇಡಬೇಕೆಂದಿರುವ ಅಂತರದಲ್ಲೇ, ಆ ತುಂಡು ಇಟ್ಟು ಒಂಟಿ ಕಾಲಲ್ಲಿ ನಿಲ್ಲಿ. ಅದನ್ನೇ ಮಧ್ಯಾಹ್ನ ಮೂರು ಗಂಟೆವರೆಗೆ ಬಿಸಿಲಿಗೆ ಬಿಟ್ಟು ಮತ್ತೆ ನಿಲ್ಲಿ. ಈ ಎರಡನೇ ಸಲದ ಉತ್ತರವನ್ನು ನಂಬಿ. ನಿಜವಾದ ಡೆಕ್ಕಿನಲ್ಲಿ ಹಲಗೆ ಮೂರ್ನಾಲ್ಕು ಜಂತಿ ದಾಟಿ ಹೋಗುವುದರಿಂದ ಇದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಇರುತ್ತದೆ, ಆದ್ದರಿಂದ ಚೂರು ಬಾಗಿತು ಅಂತ ಗಾಬರಿ ಬೇಡ.

ಮಾಸ್ತರಿಗೆ ಹೊಸ ಹಲಗೆ ಕೊಡಿಸಲಿಲ್ಲ. ಹಲಗೆಗಳನ್ನೆಲ್ಲ ಬಿಚ್ಚಿ, ಇದ್ದ ಪೈಪುಗಳ ನಡುವೆ ಒಂದೊಂದು ಪೈಪು ಸೇರಿಸಿದೆವು. 600 ಇದ್ದದ್ದು 300 ಆಯಿತು. ಬಾಗಿದ ಮೂರು ಹಲಗೆಯನ್ನು ಮಗುಚಿ ಗೋಡೆಯ ಬದಿಗೆ ಹಾಕಿದೆವು. ಅದೃಷ್ಟಕ್ಕೆ ಎರಡೂ ಮುಖ ಬಳಸಬಹುದಾದ ಹಲಗೆ. ಎರಡು ದಿನದ ಕೆಲಸ. ಮುಗಿದ ಮೇಲೆ ಮಾಸ್ತರು ಆ ತುದಿಯಿಂದ ಈ ತುದಿಗೆ ಹಿಮ್ಮಡಿ ಊರಿ ನಡೆದು ನೋಡಿದರು. "ಅಲ್ರೀ, ಇಷ್ಟ ಇತ್ತೇನ್ರೀ?" ಅಂದರು. ಕೂಲರನ್ನು ಮಾತ್ರ ಮೂಲೆಯಲ್ಲಿ, ಡೆಕ್ ಮುಗಿಯುವ ಕಡೆ, ಒಂದು ಕಡಪ ಕಲ್ಲು ಹಾಕಿಸಿ ಅದರ ಮೇಲೆ ನಿಲ್ಲಿಸಿದ್ದೇವೆ.