ಪದ ಪರಿಚಯ: ಕ್ರಿಸ್‌ಮಸ್ ಸ್ಪೆಷಲ್

ಡಿಸೆಂಬರ್ ಬಂತೆಂದರೆ 'ನೋಡಲೇಬೇಕಾದ ಕ್ರಿಸ್‌ಮಸ್ ಸ್ಪೆಷಲ್‌ಗಳು' ಅನ್ನೋ ಪಟ್ಟಿಗಳು ಶುರುವಾಗುತ್ತವೆ. ಈ ಸಲವೂ ಅಂಥದ್ದೊಂದು ಕಣ್ಣಿಗೆ ಬಿತ್ತು. ಬ್ರಿಟಿಷ್ ಸಿಟ್‌ಕಾಮ್‌ಗಳ (ಹಾಸ್ಯ ಧಾರಾವಾಹಿಗಳ) ಮಧ್ಯೆ ಅಮೆರಿಕದ 'ದಿ ಆಫೀಸ್'ನ 'ಕ್ರಿಸ್‌ಮಸ್ ಪಾರ್ಟಿ' ಇತ್ತು. 'ಫ್ರೆಂಡ್ಸ್'ನ ಆರ್ಮಡಿಲೋ ವೇಷದ ಎಪಿಸೋಡೂ ಇತ್ತು. ಎರಡೂ ಚೆನ್ನಾಗಿವೆ, ಆದರೆ ಎರಡೂ ಸ್ಪೆಷಲ್ ಅಲ್ಲ. ನಿಜವಾಗಿ ಇರಬೇಕಾಗಿದ್ದ ಬ್ರಿಟಿಷ್ ಸಿಟ್‌ಕಾಮ್ 'ಓನ್ಲಿ ಫೂಲ್ಸ್ ಆಂಡ್ ಹಾರ್ಸಸ್'ನ 'ದಿ ಜಾಲಿ ಬಾಯ್ಸ್ ಔಟಿಂಗ್' ಮಾತ್ರ ಅಲ್ಲಿರಲಿಲ್ಲ. ಕಾರಣವನ್ನೂ ಕೊಟ್ಟಿದ್ದರು: ಅದರಲ್ಲಿ ಕ್ರಿಸ್‌ಮಸ್ಸೇ ಇಲ್ಲವಂತೆ. ಪದ ಎಡವಿರೋದು ಇಲ್ಲೇ.

ಬ್ರಿಟಿಷ್ ಟಿವಿಯಲ್ಲಿ 'ಸ್ಪೆಷಲ್' ಅನ್ನುವ ಪದ 'ಸೀರೀಸ್' ಜೊತೆ ಇಟ್ಟು ನೋಡಬೇಕಾದ ಪದ. ಸೀರೀಸ್ ಒಳಗಿದ್ದರೆ ಅದು ಎಪಿಸೋಡ್. ಸೀರೀಸ್‌ನ ಲೆಕ್ಕಕ್ಕೆ ಸೇರದೆ ಬಿಡಿಯಾಗಿ ಬಂದರೆ ಸ್ಪೆಷಲ್. ಅದರ ಹಿಂದೆ ಇರುವ 'ಕ್ರಿಸ್‌ಮಸ್' ಯಾವಾಗ ಪ್ರಸಾರವಾಯಿತು ಅನ್ನೋದನ್ನು ಹೇಳುತ್ತದೆ. ಕಥೆಯಲ್ಲಿ ಹಬ್ಬ ಇದೆಯೋ ಇಲ್ಲವೋ ಅನ್ನೋದು ಬೇರೆ ಪ್ರಶ್ನೆ.

ದೀಪಾವಳಿ ವಿಶೇಷಾಂಕ ಓದಿ ಬೆಳೆದ ನಮಗೆ ಇದು ಕಷ್ಟವಾಗಬಾರದು. ವಾರಪತ್ರಿಕೆಯ ದೀಪಾವಳಿ ವಾರದ ಸಂಚಿಕೆ ಬೇರೆ, ದೀಪಾವಳಿ ವಿಶೇಷಾಂಕ ಬೇರೆ. ವಾರದ ಸಂಚಿಕೆಯ ಮುಖಪುಟದಲ್ಲಿ ಹಣತೆ ಇದ್ದ ಮಾತ್ರಕ್ಕೆ ಅದು ವಿಶೇಷಾಂಕ ಆಗೋದಿಲ್ಲ. ವಿಶೇಷಾಂಕಕ್ಕೆ ಬೇರೆ ಬೆಲೆ, ಜಾಸ್ತಿ ಪುಟ. ಅದರೊಳಗಿನ ಕಥೆಗಳಲ್ಲಿ ಪಟಾಕಿ, ಎಣ್ಣೆಸ್ನಾನ ಇರಲೇಬೇಕು ಅಂತ ಯಾರೂ ಕೇಳೋದಿಲ್ಲ ಅಲ್ವಾ?

ಈ ಗೊಂದಲಕ್ಕೆ ಮುಖ್ಯ ಕಾರಣ ಬ್ರಿಟನ್ ಮತ್ತು ಅಮೆರಿಕದಲ್ಲಿ ಸಿಟ್‌ಕಾಮ್ ತಯಾರಾಗುವ ರೀತಿಯೇ ಬೇರೆ ಇರೋದು. ಅಮೆರಿಕದ ಟಿವಿ ಚಾನೆಲ್‌ಗಳಲ್ಲಿ ಒಂದು ಸೀಸನ್ ಅಂದರೆ ಬಹುಕಾಲ 22ರಿಂದ 24 ಎಪಿಸೋಡ್. ಸೆಪ್ಟೆಂಬರ್‌ನಲ್ಲಿ ಶುರುವಾದರೆ ಮೇ ತನಕ ಓಡುತ್ತದೆ. ಡಿಸೆಂಬರ್ ಹೇಗೂ ಮಧ್ಯದಲ್ಲಿ ಸಿಗುತ್ತದೆ. ಬರೆಯೋಕೆ ಒಂದು ಕೋಣೆ ತುಂಬ ಬರಹಗಾರರು ಇರುತ್ತಾರೆ. ಹತ್ತನೇ ಎಪಿಸೋಡಿಗೆ ಒಂದು ಮರ, ನಾಲ್ಕು ಉಡುಗೊರೆ ಸೇರಿಸಿದರೆ ಕೆಲಸ ಮುಗಿಯಿತು. ಬ್ರಿಟನ್ನಿನಲ್ಲಿ ಒಂದು ಸೀರೀಸ್ ಅಂದರೆ ಸಾಮಾನ್ಯವಾಗಿ 6 ಎಪಿಸೋಡ್. ಬರೆಯೋರು ಒಬ್ಬರು, ಇಲ್ಲವೇ ಇಬ್ಬರು. 6 ವಾರಕ್ಕೆ ಮುಗಿದುಹೋಗುತ್ತದೆ. ಮುಂದಿನ ಸೀರೀಸ್ ಒಂದು ವರ್ಷಕ್ಕೆ ಬರಬಹುದು, ಮೂರು ವರ್ಷಕ್ಕೂ ಬರಬಹುದು. ಹಾಗಾಗಿ ಹಬ್ಬಕ್ಕೆ ಆ ಪಾತ್ರಗಳು ತೆರೆಗೆ ಬರಬೇಕೆಂದರೆ ಅದಕ್ಕಾಗಿಯೇ ಬೇರೆ ಬರೆಯಬೇಕು, ಬೇರೆ ಚಿತ್ರೀಕರಣ ಆಗಬೇಕು, ಬೇರೆ ಹಣ ಬೇಕು. ಮಾಮೂಲಿ ಅರ್ಧ ಗಂಟೆಯ ಜಾಗದಲ್ಲಿ ಒಂದು ಗಂಟೆ, ಒಂದೂವರೆ ಗಂಟೆ ಸಿಗುತ್ತದೆ. ಸ್ಪೆಷಲ್ ಅನ್ನೋ ಹೆಸರು ಬಂದಿದ್ದು ಈ ಬೇರೆತನಕ್ಕೆ.

ಎರಡು 'ಆಫೀಸ್'ಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ನಿಚ್ಚಳ. ಅಮೆರಿಕದ 'ಕ್ರಿಸ್‌ಮಸ್ ಪಾರ್ಟಿ' ಎರಡನೇ ಸೀಸನ್ನಿನ 10ನೇ ಎಪಿಸೋಡ್. 2005ರ ಡಿಸೆಂಬರ್ 6ರಂದು ಬಂತು. ಜಿಮ್ ಟೀಪಾಟಿನೊಳಗೆ ಚೀಟಿ ಇಟ್ಟು ತಾನು ಪ್ರೀತಿಸುವ ಸಹೋದ್ಯೋಗಿ ಪ್ಯಾಮ್‌ಗೆ ಕೊಡಲು ಹೊರಡುತ್ತಾನೆ, ಉಡುಗೊರೆಗಳು ಅದಲುಬದಲಾಗುತ್ತವೆ, ಮುಂದಿನ ಎಪಿಸೋಡಿಗೆ ಕಥೆ ಮುಂದುವರಿಯುತ್ತದೆ. ಬ್ರಿಟಿಷ್ 'ಆಫೀಸ್' ರಿಕಿ ಜರ್ವೇಸ್ ಮತ್ತು ಸ್ಟೀಫನ್ ಮರ್ಚೆಂಟ್ ಬರೆದದ್ದು. 2001ರಲ್ಲಿ 6, 2002ರಲ್ಲಿ 6, ಒಟ್ಟು 12 ಎಪಿಸೋಡ್. 12ನೆಯದರಲ್ಲಿ ಡಾನ್, ತನ್ನನ್ನು ಪ್ರೀತಿಸುವ ಸಹೋದ್ಯೋಗಿ ಟಿಮ್‌ಗೆ ಇಲ್ಲ ಅನ್ನುತ್ತಾಳೆ. ಮ್ಯಾನೇಜರ್ ಡೇವಿಡ್ ಬ್ರೆಂಟ್ ಕೆಲಸ ಉಳಿಸಿಕೊಡಿ ಅಂತ ಅಂಗಲಾಚುತ್ತಾನೆ. ಅಲ್ಲಿಗೆ ಸೀರೀಸ್ ಮುಗಿಯಿತು. ಒಂದು ವರ್ಷದ ಮೇಲೆ, 2003ರ ಡಿಸೆಂಬರ್ 26 ಮತ್ತು 27ರಂದು, ಎರಡು ಭಾಗದ ಸ್ಪೆಷಲ್ ಬಂತು. ಕಥೆಯಲ್ಲೂ ಕಾಲ ಸರಿದಿದೆ. ಡಾನ್ ಅಮೆರಿಕದಲ್ಲಿದ್ದಾಳೆ, ಆಫೀಸಿನ ಕ್ರಿಸ್‌ಮಸ್ ಪಾರ್ಟಿಗೆಂದು ವಾಪಸು ಬರುತ್ತಾಳೆ.

ಅದರಲ್ಲಿ ಬರುವ ಒಂದು ದೃಶ್ಯಕ್ಕೆ ಆ ಹಿಂದಿನ ಬಿಡುವು ಬೇಕೇ ಬೇಕಿತ್ತು. ಡಾನ್ ಪಾರ್ಟಿಯಿಂದ ಹೊರಟು ಟ್ಯಾಕ್ಸಿಯಲ್ಲಿ ಕೂತಿದ್ದಾಳೆ, ಪಕ್ಕದಲ್ಲಿ ಅವಳನ್ನು ಮದುವೆಯಾಗಬೇಕಾದ ಲೀ. ಸೀಕ್ರೆಟ್ ಸಾಂಟಾ (ಕೊಟ್ಟವರ ಹೆಸರು ಹೇಳದ ಉಡುಗೊರೆ) ಪೊಟ್ಟಣ ಬಿಚ್ಚುತ್ತಾಳೆ. ಒಳಗೆ ಬಣ್ಣದ ಡಬ್ಬಿ. ಜೊತೆಗೆ ಅವಳೇ ಹಿಂದೆ ಬಿಡಿಸಿದ್ದ ಟಿಮ್‌ನ ಚಿತ್ರ. ಚಿತ್ರ ಬಿಡಿಸೋದನ್ನು ಎಂದೂ ಬಿಡಬೇಡ ಅಂತ ಟಿಮ್ ಅದರ ಮೇಲೆ ಬರೆದಿದ್ದಾನೆ. ಅವಳು ಅಳುತ್ತಾಳೆ. ಮಾತಿಲ್ಲ. ನಂತರ ಪಾರ್ಟಿಗೆ ವಾಪಸು ಬಂದು ನಿಲ್ಲುತ್ತಾಳೆ. ನೋಡುವವರೂ ಒಂದು ವರ್ಷ ಕಾದಿದ್ದರು, ಅದಕ್ಕೇ ಆ ಗಳಿಗೆ ಅಷ್ಟು ಗಟ್ಟಿ. ಇದೇ ದೃಶ್ಯ 13ನೇ ವಾರಕ್ಕೆ ಸುಮ್ನೆ ಬಂದಿದ್ದರೆ ಅಷ್ಟು ತೂಕ ಇರುತ್ತಿರಲಿಲ್ಲ.

ಈ ಸ್ಪೆಷಲ್‌ನಲ್ಲಿ ಹಬ್ಬವೂ ಇದೆ, ಹಾಗಾಗಿ ಗೊಂದಲ ಪೂರ್ತಿ ಹೋಗೋದಿಲ್ಲ ಅನ್ನಬಹುದು. ಸರಿ, 'ಪೀಪ್ ಷೋ' ತೆಗೆದುಕೊಳ್ಳಿ. ಅದರ 'ಸೀಸನಲ್ ಬೀಟಿಂಗ್ಸ್' ಬ್ರಿಟಿಷ್ ಸಿಟ್‌ಕಾಮ್‌ನ ಕಥೆ. ನಡೆಯೋದು ಕ್ರಿಸ್‌ಮಸ್ ದಿನ. ಪ್ರಸಾರವಾದದ್ದು 2010ರ ಡಿಸೆಂಬರ್ 24ರಂದು. ಟರ್ಕಿ ಕೋಳಿಯ ವಿಷಯಕ್ಕೆ ಮಾರ್ಕ್, ಜೊತೆಗಿರುವ ಗೆಳೆಯ ಜೆರೆಮಿ ಮೇಲೆ ಹರಿಹಾಯುವ ದೃಶ್ಯ ಇವತ್ತಿಗೂ ಪ್ರತಿ ಡಿಸೆಂಬರ್‌ನಲ್ಲಿ ಓಡಾಡುತ್ತದೆ. ಆದರೂ ಅದು ಸ್ಪೆಷಲ್ ಅಲ್ಲ. ಏಳನೇ ಸೀರೀಸ್‌ನ 5ನೇ ಎಪಿಸೋಡ್ ಅದು. ಶುಕ್ರವಾರ ಶುಕ್ರವಾರ ಬರುತ್ತಿದ್ದ ಸೀರೀಸ್, ಆ ಶುಕ್ರವಾರ 24ನೇ ತಾರೀಖು ಬಿತ್ತು.

ಇನ್ನು ಪಟ್ಟಿಯಿಂದ ಬಿಟ್ಟುಹೋದ 'ದಿ ಜಾಲಿ ಬಾಯ್ಸ್ ಔಟಿಂಗ್'. ಜಾನ್ ಸಲಿವನ್ ಬರೆದದ್ದು, 1989ರ ಡಿಸೆಂಬರ್ 25ರಂದು ಬಿಬಿಸಿ ಒನ್‌ನಲ್ಲಿ ಬಂದದ್ದು. ಸುಮಾರು 2 ಕೋಟಿ ಜನ ನೋಡಿದರು. ದಕ್ಷಿಣ ಲಂಡನ್ನಿನ ಪೆಕ್‌ಹ್ಯಾಮ್‌ನಿಂದ ಸಣ್ಣಪುಟ್ಟ ಮಾಲು ಮಾರುವ ಡೆಲ್, ಅವನ ತಮ್ಮ ರಾಡ್ನಿ ಮತ್ತು ಪಬ್ಬಿನ ಗೆಳೆಯರೆಲ್ಲ ಬಸ್ಸು ಮಾಡಿಕೊಂಡು ಮಾರ್ಗೇಟ್‌ಗೆ ಹೋಗುತ್ತಾರೆ. ಮಾರ್ಗೇಟ್ ಕೆಂಟ್ ಕರಾವಳಿಯ ಊರು, ಲಂಡನ್ನಿನ ಸಾಮಾನ್ಯ ಜನ ಒಂದು ದಿನದ ಮಟ್ಟಿಗೆ ಸಮುದ್ರ ನೋಡಲು ಹೋಗುತ್ತಿದ್ದ ಜಾಗ. ಹಿಮ ಇಲ್ಲ, ಮರ ಇಲ್ಲ, ಸಾಂಟಾ ಇಲ್ಲ. ಇರೋದು ಬೇಸಿಗೆ, ಬಿಸಿಲು, ಮಕ್ಕಳ ಆಟದ ರಾಟೆಗಳು. ಬಸ್ಸಿಗೆ ಹಾಕಿದ್ದ ಡೆಲ್‌ನ ಮಾಲು, ಒಂದು ರೇಡಿಯೋ, ಕೆಟ್ಟು ಹೊಗೆ ಬಿಡುತ್ತದೆ. ಎಲ್ಲರ ಕಣ್ಣೆದುರೇ ಬಸ್ಸು ಸಿಡಿದುಹೋಗುತ್ತದೆ. ರೈಲು ಮುಷ್ಕರ, ವಾಪಸು ಹೋಗೋ ದಾರಿ ಇಲ್ಲ. ಆ ರಾತ್ರಿ ಅಲ್ಲೇ ಉಳಿಯಬೇಕಾಗಿ ಬಂದದ್ದರಿಂದಲೇ ಡೆಲ್‌ಗೆ ಹಿಂದಿನ ಗೆಳತಿ ರಕೆಲ್ ಮತ್ತೆ ಸಿಗುತ್ತಾಳೆ. ಮುಂದೆ ಅವರು ಒಟ್ಟಿಗೆ ಬಾಳುತ್ತಾರೆ. ಇಡೀ ಧಾರಾವಾಹಿಯ ದಿಕ್ಕು ಬದಲಿಸಿದ ಕಥೆ ಇದು. ಇದನ್ನು ಬಿಟ್ಟು ಕ್ರಿಸ್‌ಮಸ್ ಸ್ಪೆಷಲ್ ಪಟ್ಟಿ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

1985ರ 'ಟು ಹಲ್ ಆಂಡ್ ಬ್ಯಾಕ್' ಕೂಡ ಅಷ್ಟೇ. ಡಿಸೆಂಬರ್ 25ರಂದೇ ಬಂತು, ಒಂದೂವರೆ ಗಂಟೆ. ಕಥೆ ಆಮ್‌ಸ್ಟರ್‌ಡ್ಯಾಮ್‌ನಿಂದ ವಜ್ರ ಕದ್ದು ಸಾಗಿಸೋದು. 1996ರಲ್ಲಂತೂ ಮೂರು ಸ್ಪೆಷಲ್ ಒಂದರ ಹಿಂದೊಂದು ಬಂದವು: ಡಿಸೆಂಬರ್ 25, 27, 29. ಮೊದಲನೆಯದರಲ್ಲಿ ಡೆಲ್ ಮತ್ತು ರಾಡ್ನಿ ಬ್ಯಾಟ್‌ಮನ್, ರಾಬಿನ್ ವೇಷ ಹಾಕಿ ರಾತ್ರಿ ಬೀದಿಯಲ್ಲಿ ಓಡುವ ಪ್ರಸಿದ್ಧ ದೃಶ್ಯ ಇದೆ. ಕೊನೆಯದು 'ಟೈಮ್ ಆನ್ ಅವರ್ ಹ್ಯಾಂಡ್ಸ್'. ಗ್ಯಾರೇಜಿನ ಗುಜರಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೇ ಗಡಿಯಾರ ಸದಬೀಸ್ ಹರಾಜಿನಲ್ಲಿ 62 ಲಕ್ಷ ಪೌಂಡಿಗೆ ಹೋಗುತ್ತದೆ. ಅಣ್ಣತಮ್ಮಂದಿರು ಕೊನೆಗೂ ಕೋಟ್ಯಧಿಪತಿಗಳಾಗುತ್ತಾರೆ. ನೋಡಿದವರು 2.43 ಕೋಟಿ. ಆಗ ಬ್ರಿಟನ್ನಿನ ಜನಸಂಖ್ಯೆ ಸುಮಾರು 5.8 ಕೋಟಿ. ತಾರೀಖು 29 ಅನ್ನೋದನ್ನೂ ಗಮನಿಸಿ. 24ರಿಂದ ಹೊಸ ವರ್ಷದ ಮೊದಲ ದಿನದವರೆಗೆ ಯಾವತ್ತು ಬಂದರೂ ಜನ ಅದನ್ನು ಕ್ರಿಸ್‌ಮಸ್ ಸ್ಪೆಷಲ್ ಅಂತಲೇ ಕರೆಯುತ್ತಾರೆ.

ಹಬ್ಬಕ್ಕೆ ಅಷ್ಟು ಜನ ಟಿವಿ ಮುಂದೆ ಕೂರೋದು ಹೇಗೆ? ಕ್ರಿಸ್‌ಮಸ್ ದಿನ ಬ್ರಿಟನ್ನಿನಲ್ಲಿ ಹೊರಗೆ ಮಾಡೋಕೆ ಏನೂ ಇರೋದಿಲ್ಲ. ಡಿಸೆಂಬರ್ 25ರಂದು ರೈಲು ಓಡುವುದಿಲ್ಲ. ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಅದಕ್ಕೆ 2004ರ ಕಾಯ್ದೆಯೇ ಇದೆ. ಮಧ್ಯಾಹ್ನದ ದೊಡ್ಡ ಊಟ, 3 ಗಂಟೆಗೆ ರಾಜ ಅಥವಾ ರಾಣಿಯ ಭಾಷಣ, ಆಮೇಲೆ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಒಂದೇ ಸೋಫಾ. ಚಾನೆಲ್‌ಗಳು ಬೆರಳೆಣಿಕೆಯಷ್ಟೇ ಇದ್ದ ಕಾಲ ಬೇರೆ. 'ರೇಡಿಯೋ ಟೈಮ್ಸ್' ಪತ್ರಿಕೆ ಎರಡು ವಾರದ ಟಿವಿ ಕಾರ್ಯಕ್ರಮಗಳ ಪಟ್ಟಿ ಸೇರಿಸಿ ಒಂದು ದಪ್ಪ ಸಂಚಿಕೆ ತರುತ್ತದೆ. ಅದನ್ನು ತಂದು ಪೆನ್ನಿನಲ್ಲಿ ಸುತ್ತು ಹಾಕಿಟ್ಟುಕೊಳ್ಳೋದು ಎಷ್ಟೋ ಮನೆಗಳ ರೂಢಿ. ಚಾನೆಲ್‌ಗೆ ಇದು ವರ್ಷದ ಅತಿ ದೊಡ್ಡ ಸಂಜೆ. ತನ್ನ ಅತ್ಯುತ್ತಮ ಸಿಟ್‌ಕಾಮ್ ಅನ್ನು ಅಲ್ಲಿ ಇಡುತ್ತದೆ. ಹಬ್ಬ ಇರೋದು ನೋಡುವವರ ಮನೆಯಲ್ಲಿ. ಪರದೆಯ ಮೇಲೂ ಇರಲೇಬೇಕಾದ ಒತ್ತಾಯ ಇಲ್ಲ.

'ಹಾಲಿಡೇ ಸ್ಪೆಷಲ್' ಅನ್ನೋದು ಅಮೆರಿಕದ ಮಾತು. ಬ್ರಿಟನ್ನಿನಲ್ಲಿ ಹಾಲಿಡೇ ಅಂದರೆ ರಜೆ, ಪ್ರವಾಸ. ಬ್ರಿಟಿಷ್ ಕಾರ್ಯಕ್ರಮಕ್ಕೆ ಆ ಹೆಸರು ಅಂಟಿಸಬೇಡಿ. ಕೆಲವರು ಕನ್ನಡದಲ್ಲಿ 'ಮಹಾಸಂಚಿಕೆ' ಅನ್ನುತ್ತಾರೆ. ಅದೂ ಹೊಂದೋದಿಲ್ಲ. ನಮ್ಮ ಧಾರಾವಾಹಿಯ ಮಹಾಸಂಚಿಕೆ ನಿನ್ನೆಯ ಕಥೆಗೂ ನಾಳೆಯ ಕಥೆಗೂ ನಡುವೆ ಬರುವ ಉದ್ದನೆಯ ಕಂತು. ಸ್ಪೆಷಲ್ ಹಾಗೆ ಓಡುತ್ತಿರುವ ಕಂತುಗಳ ನಡುವೆ ಬರೋದಿಲ್ಲ, ಬಿಡಿಯಾಗಿ ಬರುತ್ತದೆ.

ಸ್ಪೆಷಲ್‌ಗಳೆಲ್ಲ ಡಿಸೆಂಬರ್‌ನಲ್ಲೇ ಬರಬೇಕಂತಲೂ ಇಲ್ಲ. 'ದಿ ರಾಯ್ಲ್ ಫ್ಯಾಮಿಲಿ'ಯಲ್ಲಿ ಅಜ್ಜಿ ತೀರಿಕೊಳ್ಳುವ 'ದಿ ಕ್ವೀನ್ ಆಫ್ ಶೀಬಾ' 2006ರ ಅಕ್ಟೋಬರ್‌ನಲ್ಲಿ ಬಂತು. ಅದು ಬರೀ ಸ್ಪೆಷಲ್.

ಹಾಗಂತ ಹಬ್ಬವನ್ನೇ ಹೊಟ್ಟೆಯೊಳಗಿಟ್ಟುಕೊಂಡ ಸ್ಪೆಷಲ್‌ಗಳು ಕಮ್ಮಿಯೇನಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ದಿ ಗುಡ್ ಲೈಫ್'ನ 1977ರ ಡಿಸೆಂಬರ್ 26ರ 'ಸಿಲ್ಲಿ, ಬಟ್ ಇಟ್ಸ್ ಫನ್'. ಟಾಮ್ ಮತ್ತು ಬಾರ್ಬರಾ ಕೆಲಸ ಬಿಟ್ಟು, ಮನೆ ಹಿತ್ತಲಲ್ಲೇ ಬೆಳೆದು ತಿನ್ನುವ ದಂಪತಿ. ಪಕ್ಕದ ಮನೆಯ ಮಾರ್ಗೋಗೆ ಎಲ್ಲವೂ ಅಂಗಡಿಯಿಂದ ನೇರ ಬಾಗಿಲಿಗೆ ಬರಬೇಕು. ಬಂದ ಕ್ರಿಸ್‌ಮಸ್ ಮರ ಹೇಳಿದ್ದಕ್ಕಿಂತ ಅರ್ಧ ಅಡಿ ಗಿಡ್ಡ. ತೆಗೆದುಕೊಂಡು ಹೋಗಿ ಅನ್ನುತ್ತಾಳೆ. ವ್ಯಾನಿನವರು ಮರದ ಜೊತೆ ಹಬ್ಬದ ಸಾಮಾನನ್ನೆಲ್ಲ ವಾಪಸು ಒಯ್ಯುತ್ತಾರೆ. ಕೊನೆಗೆ ಮಾರ್ಗೋ ಮತ್ತು ಅವಳ ಗಂಡ ಟಾಮ್ ಮನೆಗೇ ಹೋಗಿ, ಮನೆಯಲ್ಲೇ ಮಾಡಿದ ವೈನ್ ಕುಡಿದು, ನ್ಯೂಸ್‌ಪೇಪರ್ ಮಡಿಚಿದ ಟೋಪಿ ಹಾಕಿಕೊಂಡು ಕೂರುತ್ತಾರೆ. ಅಷ್ಟು ಬಿಗುಮಾನದ ಮಾರ್ಗೋ ಆಟ ಆಡಿ ನಗೋದನ್ನು ನೋಡಬೇಕು. ಹಬ್ಬ ಇಲ್ಲದಿದ್ದರೆ ಆ ಎರಡು ಮನೆಗಳ ಮಧ್ಯದ ಬೇಲಿ ಅಷ್ಟು ಸಲೀಸಾಗಿ ಬೀಳುತ್ತಿರಲಿಲ್ಲ.

ನಮ್ಮಲ್ಲಿ ತುಂಬ ಜನ ನೋಡಿರೋ 'ಮೆರ್ರಿ ಕ್ರಿಸ್‌ಮಸ್, ಮಿಸ್ಟರ್ ಬೀನ್' ಯಾವ ಗುಂಪಿಗೆ? 1992ರ ಡಿಸೆಂಬರ್ 29ರಂದು ಐಟಿವಿಯಲ್ಲಿ ಬಂತು. ಟರ್ಕಿಯೊಳಗೆ ಬೀನ್ ತಲೆ ಸಿಕ್ಕಿಕೊಳ್ಳುವುದು ಇದರಲ್ಲೇ. 'ಮಿಸ್ಟರ್ ಬೀನ್' ವಾರಕ್ಕೊಂದರಂತೆ ಓಡಿದ ಸೀರೀಸ್ ಅಲ್ಲ. 1990ರಿಂದ ಆಗೊಂದು ಈಗೊಂದು ಬಂದವು. ಹಾಗೆ ನೋಡಿದರೆ ಅದರ ಒಂದೊಂದೂ ಸ್ಪೆಷಲ್ಲೇ. ಇದನ್ನು ಪಟ್ಟಿಗೆ ಹಾಕಿದವರ ಜೊತೆ ನನಗೆ ಜಗಳ ಇಲ್ಲ.

ಪದದ ಅರ್ಥ ತಪ್ಪಿದರೆ ಏನು ಮಹಾ ನಷ್ಟ ಅಂತ ಕೇಳುವವರಿಗೆ ಉತ್ತರ ಇದೆ. ಸ್ಪೆಷಲ್ ಅಂದರೆ ಹಬ್ಬದ ಹಾಡು ಕುಣಿತ, ಕಥೆಗೆ ಸಂಬಂಧ ಇಲ್ಲ ಅಂದುಕೊಂಡವರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. 12 ಎಪಿಸೋಡ್ ನೋಡಿ 'ಆಫೀಸ್' ಮುಗಿಸಿದೆ ಅನ್ನುವವರಿಗೆ ಟಿಮ್ ಮತ್ತು ಡಾನ್ ಕಥೆ ಅರ್ಧಕ್ಕೇ ನಿಂತಿರುತ್ತದೆ. 'ಯೆಸ್ ಮಿನಿಸ್ಟರ್' ಮುಗಿಸಿ ನೇರ 'ಯೆಸ್, ಪ್ರೈಮ್ ಮಿನಿಸ್ಟರ್'ಗೆ ಹೋದರೆ ಮಂತ್ರಿಯಾಗಿದ್ದ ಜಿಮ್ ಹ್ಯಾಕರ್ ಪ್ರಧಾನಿ ಆಗಿದ್ದು ಹೇಗೆ ಅನ್ನೋದೇ ಗೊತ್ತಾಗೋದಿಲ್ಲ. ಯುರೋಪಿನವರು ಬ್ರಿಟಿಷ್ ಸಾಸೇಜ್‌ನ ಹೆಸರು ಬದಲಿಸಲು ಹೊರಟಿದ್ದಾರೆ ಅಂತ ಗುಲ್ಲೆಬ್ಬಿಸಿ ಅವನು ಮೇಲೇರಿದ ಕಥೆ ಇರೋದು 'ಪಾರ್ಟಿ ಗೇಮ್ಸ್'ನಲ್ಲಿ. ಒಂದು ಗಂಟೆಯ ಸ್ಪೆಷಲ್, 1984ರ ಡಿಸೆಂಬರ್ 17. 'ಗ್ಯಾವಿನ್ ಆಂಡ್ ಸ್ಟೇಸಿ'ಯ ಮೂರು ಸೀರೀಸ್ 2010ರ ಜನವರಿ 1ಕ್ಕೆ ಮುಗಿದವು. 2019ರ ಕ್ರಿಸ್‌ಮಸ್ ದಿನದ ಸ್ಪೆಷಲ್ ಕೊನೆಯಲ್ಲಿ ನೆಸ್ಸಾ ಮಂಡಿಯೂರಿ ಸ್ಮಿಥಿಯನ್ನು ಮದುವೆಯಾಗ್ತೀಯಾ ಅಂತ ಕೇಳಿದಳು. ಅವನು ಬಾಯಿ ತೆರೆಯುವ ಮುಂಚೆಯೇ ಮುಗಿಯಿತು. ಉತ್ತರ ಸಿಕ್ಕಿದ್ದು 2024ರ ಡಿಸೆಂಬರ್ 25ಕ್ಕೆ, ಇನ್ನೊಂದು ಸ್ಪೆಷಲ್‌ನಲ್ಲಿ. ಆ ರಾತ್ರಿಯೇ 1.2 ಕೋಟಿಗೂ ಜಾಸ್ತಿ ಜನ ಟಿವಿ ಮುಂದೆ ಕೂತಿದ್ದರು. ಸೀರೀಸ್‌ಗಳನ್ನು ಮಾತ್ರ ನೋಡಿದವರಿಗೆ ಪ್ರಶ್ನೆಯೂ ಗೊತ್ತಿಲ್ಲ, ಉತ್ತರವೂ ಗೊತ್ತಿಲ್ಲ.